ಜೋಳದ ಹಿಟ್ಟು ಕೆಳಗ ಇಡು, ಲೈಸೆನ್ಸ್ ಮೊದಲ ಮಾಡಿಸು

ತಂಗೀ, ನೀ ನಮ್ಮ ಮನಿಮಂದಿ ಗ್ರೂಪಿನಾಗ ಹಾಕಿದ ಸಾಮಾನಿನ ಪಟ್ಟಿ ನೋಡಿದೆ. ಎಲ್ಲಾರೂ ಒಂದೊಂದು ಕೂಡಿಸಿಕೋತ ಹೋಗ್ಯಾರ. ಜೋಳದ ಹಿಟ್ಟು ಹತ್ತು ಕಿಲೋ, ತೊಗರಿ ಬ್ಯಾಳಿ ಐದು ಕಿಲೋ, ಎರಡು ಕುಕ್ಕರ್, ರೊಟ್ಟಿ ಹಂಚು, ಕುಂಡದಾಗಿನ ತುಳಸಿ ಸಸಿ... ಗಂಡನ ನೌಕರಿ ಸಲುವಾಗಿ ಬೋಟ್ಸ್ವಾನಾದ ರಾಜಧಾನಿ ಗ್ಯಾಬೊರೋನ್‌ಗೆ ಸಂಸಾರ ಹೊಂಟಂಗಿಲ್ಲ, ಜಾತ್ರ್ಯಾಗ ಅಂಗಡಿ ಹಾಕಾಕ ಹೊಂಟಂಗ ಐತಿ. ಬರಿಯಾಕ ಕುಂತ್ರ ಬೆರಳು ನೋಯ್ತಾವ, ಅದಕ್ಕ ಮಾತಾಡಿ ಕಳಸಾಕತ್ತೀನಿ. ಉದ್ದ ಆಗ್ತೈತಿ, ಕೆಲಸ ಮಾಡಿಕೋತ ಕೇಳ್ರಿ. ಇಲ್ಲೆ ಈಗ ಹನ್ನೊಂದು ಗಂಟೆ, ಅಂದ್ರ ನಿಮಗ ಎರಡೂವರಿ. ದೊಡ್ಡವ್ವ ಮಲಗಿದ್ರ ಎದ್ದ ಮ್ಯಾಲೆ ಕೇಳಸ್ರಿ, ಆಕಿ ಕೇಳಿದ್ದಕ್ಕೂ ಉತ್ತರ ಐತಿ.

ಮೊದಲ ಜೋಳದ್ದು. ಜೋಳದ ಹಿಟ್ಟು ಹೊತ್ತುಕೊಂಡು ಬರಬ್ಯಾಡ. ಜೋಳ ಹುಟ್ಟಿದ್ದೇ ಆಫ್ರಿಕಾದಾಗ, ನಮ್ಮ ಕಡೆ ಬಂದಿದ್ದು ಆಮ್ಯಾಲೆ. ಬೋಟ್ಸ್ವಾನಾದಾಗ ಅದಕ್ಕ ಮಾಬೆಲೆ ಅಂತಾರ, ಯಾವ ಅಂಗಡಿಗೆ ಹೋದ್ರೂ ಹಿಟ್ಟಿನ ಚೀಲ ಸಾಲಾಗಿ ಇಟ್ಟಿರ್ತಾರ. ಆದ್ರ ಇವರು ಗಂಜಿ ಕುದಿಸೋ ಮಂದಿ, ರೊಟ್ಟಿ ಬಡಿಯೋರಲ್ಲ, ಅದಕ್ಕ ಹಿಟ್ಟು ತರಿತರಿ ಇರ್ತೈತಿ. ಕೆಂಪು ಜೋಳದ ಹಿಟ್ಟು ತಂದಿ ಅಂದ್ರ ರೊಟ್ಟಿ ಬಡಿಯೋ ಮುಂದ ಅಂಚಿಗೆಲ್ಲಾ ಸೀಳ್ತೈತಿ. ಬಿಳಿ ಜೋಳದ್ದು ಹುಡುಕಿ ತಗೊಂಡು, ಜರಡಿ ಹಿಡಿದು, ಕುದಿಯೋ ಎಸರಿನಾಗ ಹಿಟ್ಟು ಹಾಕಿ ಚಲೋ ನಾದಿದ್ರ ಬರ್ತೈತಿ. ಅವ್ವನ ರೊಟ್ಟಿಯಷ್ಟು ತೆಳು ಬರಂಗಿಲ್ಲ, ಅದು ನನಗ ಊರಾಗ ಇದ್ದಾಗೂ ಬರ್ತಿರಲಿಲ್ಲ ಬಿಡು. ಉಳಿದ ತರಿ ಚೆಲ್ಲಬ್ಯಾಡ. ಇಲ್ಲಿ ಮಂದಿ ಆ ಹಿಟ್ಟನ್ನ ನೆನಸಿ ಹುಳಿ ಬರಿಸಿ ಟಿಂಗ್ ಅಂತ ಗಂಜಿ ಮಾಡ್ತಾರ. ಕಾಕಾ ಒಂದು ಬಟ್ಟಲು ಕುಡುದ್ರ ನಮ್ಮ ಅಂಬಲೀನೇ ಅಂತಾರ. ಮಾದಿಲಾ ಅಂತ ಹುಳಿ ಹಾಲು ಪಾಕೀಟಿನಾಗ ಸಿಗ್ತೈತಿ, ಗಟ್ಟಿ, ಮೊಸರಿಗಿಂತ ಒಂದು ಕೈ ಹುಳಿ ಹೆಚ್ಚು. ನಾ ಅದಕ್ಕ ನೀರು ಬೆರಸಿ, ಜೀರಿಗಿ ಕರಿಬೇವು ಒಗ್ಗರಣಿ ಕೊಟ್ಟು ಮಜ್ಜಿಗಿ ಮಾಡ್ತೀನಿ. ಅಲಸಂದಿ ಕಾಳಿಗೆ ದಿನಾವಾ ಅಂತಾರ. ಅದರ ಎಲಿ ಪಲ್ಯೆ ಮಾಡ್ತಾರ, ಒಣಗಿಸಿ ಮಾರ್ತಾರ. ನಾವು ಊರಾಗ ಕಾಳು ತಿಂದು ಎಲಿ ದನಕ್ಕ ಹಾಕ್ತಿದ್ವಿ!

ಬ್ಯಾಳಿ, ಅಕ್ಕಿ, ಮಸಾಲಿ ಚಿಂತಿ ಬ್ಯಾಡ. ಗುಜರಾತಿ ಮಂದಿಯ ಅಂಗಡಿ ಅದಾವ, ಮಲಯಾಳಿ ಮಂದಿ ಬ್ಯಾರೆ ಬಹಳ. ಇಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಚಾಪೀಸ್ ನಡಸಿ ಬೆಳಸಿದವರೇ ಕೇರಳ ಮೂಲದವರು. ಇಲ್ಲೆ ಸಿಗದ್ದು ಏನರ ಬೇಕಂದ್ರ ಜೋಹಾನ್ಸ್‌ಬರ್ಗಿನ ಫೋರ್ಡ್ಸ್‌ಬರ್ಗ್ ಕಡೆ ಹೋದಾಗ ತರ್ತೀವಿ, ಮುನ್ನೂರೈವತ್ತು ಕಿಲೋಮೀಟರ್ ಮ್ಯಾಲೆ ದಾರಿ. ತರೋದಿದ್ರ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ತಾ. ನನಗೂ ಒಂದು ಡಬ್ಬಿ. ತುಳಸಿ ಸಸಿ, ಬಿತ್ತೋ ಬೀಜ ಇವೆಲ್ಲಾ ಪರವಾನಗಿ ಇಲ್ಲದ ತರಂಗಿಲ್ಲ, ಕಸ್ಟಮ್ಸಿನಾಗ ತಗದು ಒಗೀತಾರ. ಮಿಕ್ಸರ್ ತಾ, ಕರೆಂಟು ನಮ್ಮಂಗೇ 230 ವೋಲ್ಟ್. ಗೀಸರ್‌ಗೆ ಹಾಕ್ತೀವಲ್ಲ, ದಪ್ಪ ಮೂರು ಕಡ್ಡಿ ಪ್ಲಗ್, ಅದು ಇಲ್ಲೆ ಮನಿಮನಿಗೆ ಐತಿ.

ಹಿಟ್ಟು ತಗದ ಜಾಗದಾಗ ಎರಡು ಕೌದಿ ಹಾಕು. ನಗಬ್ಯಾಡ. ಆಫ್ರಿಕಾ ಅಂದ ಕೂಡ್ಲೇ ಎಲ್ಲಾರೂ ಬಿಸಲು ಅಂತಾರ, ಜೂನ್ ಜುಲೈದಾಗ ನಸುಕಿನ್ಯಾಗ ಬಾ, ನಾಕು ಐದು ಡಿಗ್ರಿ ಇರ್ತೈತಿ, ಒಂದೊಂದು ದಿನ ಸೊನ್ನೆ ಹತ್ರ. ಮನಿ ಕಾಯಿಸೋ ವ್ಯವಸ್ಥಾ ಇರಂಗಿಲ್ಲ, ನೆಲಕ್ಕೆಲ್ಲಾ ಟೈಲ್ಸು. ಮನಿ ನೋಡೋ ಮುಂದ ಉತ್ತರಕ್ಕ ಕಿಟಕಿ ಇದ್ದದ್ದು ನೋಡ್ರಿ. ಇಲ್ಲಿ ಸೂರ್ಯ ವರ್ಷಪೂರ್ತಿ ಮಧ್ಯಾಹ್ನ ಉತ್ತರಕ್ಕೇ ಇರ್ತಾನ, ಚಳಿಗಾಲದಾಗ ಆ ಕಿಟಕಿ ಬಿಸಲೇ ಗತಿ. ನಿಮ್ಮ ಅತ್ತಿ ವಾಸ್ತು ಕೇಳಿದ್ರ ಅವರ ಕೂಡ ವಾದ ಹಾಕಬ್ಯಾಡ, ಪೂರ್ವದ ಬಾಗಲಾ ಉತ್ತರದ ಕಿಟಕಿ ಎರಡೂ ಇರೋ ಮನಿ ಹುಡುಕಿದ್ರ ಆತು. ಸಂಕ್ರಮಣಕ್ಕ ಉತ್ತರಾಯಣ ಶುರುವಾತು ಅಂತ ಎಳ್ಳು ಹಂಚ್ತೀವಿ, ಹೊರಗ ನೋಡಿದ್ರ ಹಗಲು ಸಣ್ಣದಾಗಾಕ ಹತ್ತಿರ್ತೈತಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಅಷ್ಟುದ್ದ ಪಟ್ಟ್ಯಾಗ ಒಂದು ಇಲ್ಲ, ಡ್ರೈವಿಂಗ್ ಲೈಸೆನ್ಸ್. ನಿನಗ ಸ್ಕೂಟಿ ಬರ್ತೈತಿ, ಗೊತ್ತು. ಇಲ್ಲೆ ಸ್ಕೂಟಿ ಓಡಸೋರು ಕಾಣಂಗಿಲ್ಲ. ಕಾರ್ ಬೇಕು, ಕಾರ್ ನಿನಗ ಬರಬೇಕು. ಕಾಕೂ ಬರದಾರ, "ಅಳಿಯ ಇದ್ದಾನಲ್ಲ, ಹೆಣ್ಣಮಗಳಿಗೆ ಯಾಕ" ಅಂತ. ಕಾಕೂ, ನೀವು ಸಿಟ್ಟಿಗೇಳಬ್ಯಾಡ್ರಿ, ಕೇಳ್ರಿ. ಬೋಟ್ಸ್ವಾನಾ ಅಂದ್ರ ನೆಲ ಮೂರು ಕರ್ನಾಟಕದಷ್ಟು, ಜನ ಇಪ್ಪತ್ತನಾಕು ಲಕ್ಷದ ಆಸುಪಾಸು. ಹಂಗಾಗಿ ಊರು ಹರವಿಕೊಂಡು ಐತಿ. ಮನಿ ಒಂದು ಕಡೆ, ಶಾಲಿ ಒಂದು ಕಡೆ, ಅಂಗಡಿ ಎಲ್ಲಾ ಮಾಲ್‌ದಾಗ. ಓಣಿ ತುದಿಗೆ ಹೋಗಿ ಕೊತ್ತಂಬರಿ ತರ್ತೀನಿ ಅನ್ನೋ ಮಾತೇ ಇಲ್ಲ. ಅಳಿಯ ಏಳಕ್ಕ ಮನಿ ಬಿಟ್ರ ಸಂಜಿ ಐದೂವರಿ. ಅಲ್ಲೀತನಕ ಆಕಿ ಏನ್ ಮಾಡಬೇಕು? ಗಂಡನ ಪರ್ಮಿಟ್ ಮ್ಯಾಲೆ ಬಂದ ಹೆಂಡತಿ, ತನ್ನ ಹೆಸರಿಗೆ ಕೆಲಸದ ಪರ್ಮಿಟ್ ಆಗೋತನಕ ನೌಕರಿ ಮಾಡಂಗಿಲ್ಲ. ಸುತ್ತ ಎತ್ತರ ಗ್ವಾಡಿ, ಅದರ ಮ್ಯಾಲೆ ಕರೆಂಟಿನ ತಂತಿ, ಕಿಟಕಿಗೆಲ್ಲಾ ಸರಳು. ಬಾಜೂ ಮನಿಯಾಕಿ ಗ್ವಾಡಿ ಮ್ಯಾಲಿಂದ ಬಗ್ಗಿ ಸಾರು ಕೇಳಂಗಿಲ್ಲ. ಇಲ್ಲಿಗೆ ಬಂದ ನಮ್ಮ ಹೆಣ್ಣಮಕ್ಕಳು ಕೆಲವರು ಆರು ತಿಂಗಳದಾಗ ವಾಪಸ್ ಹೋಗಿದ್ದು ಊಟ ಸೇರಲಿಲ್ಲ ಅಂತಲ್ಲ ಕಾಕೂ, ಮನ್ಯಾಗ ಕುಂತು ಕುಂತು ತಲಿ ಕೆಟ್ಟು ಹೋದ್ರು. ಹೊರಗ ಕಾರಣ ಬ್ಯಾರೆ ಹೇಳ್ತಾರ.

ಕಾಂಬಿ ಅಂತ ಬಿಳಿ ವ್ಯಾನ್ ಓಡಾಡ್ತಾವ, ನೀಲಿ ನಂಬರ್ ಪ್ಲೇಟಿನವು. ಅಗ್ಗ ಅದಾವ, ನಾನೂ ಹೋಗ್ತೀನಿ. ಆದ್ರ ಅವು ತಮ್ಮ ದಾರಿ ಹಿಡಿದು ಓಡ್ತಾವ, ನಿಮ್ಮ ಮನಿ ಆ ದಾರಿ ಮ್ಯಾಲೆ ಇರಬೇಕಲ್ಲ. ಜ್ವರ ಬಂದ ಕೂಸಿನ ಕರಕೊಂಡು ಎರಡು ಕಾಂಬಿ ಬದಲಿಸಿ ದವಾಖಾನಿಗೆ ಹೋಗೋದು ಬ್ಯಾಡ.

ಅದಕ್ಕ ತಂಗೀ, ನಾಳೆನೇ ಕ್ಲಾಸಿಗೆ ಸೇರು. ಲೈಸೆನ್ಸ್ ಕೈಗೆ ಬಂದ್ರ ಸಾಲದು, ಒಂದಷ್ಟು ದಿನ ಅಣ್ಣನ ಕಾರ್ ತಗೊಂಡು ನಮ್ಮ ಸಂತಿ ದಿನದ ಗದ್ದಲದಾಗ ಓಡಿಸು. ಆಮ್ಯಾಲೆ ಆರ್‌ಟಿಒದಾಗ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸು. ಇಲ್ಲೂ ಎಡಕ್ಕೇ ಓಡಸೋದು, ಸ್ಟೀರಿಂಗ್ ಬಲಕ್ಕ, ಅದರ ಹೆದರಿಕಿ ಬ್ಯಾಡ. ಹೊಸಾದು ಅಂದ್ರ ನಾಕು ದಾರಿ ಕೂಡೋ ಕಡೆ ನಾಕೂ ಬದಿಗೆ ಸ್ಟಾಪ್ ಬೋರ್ಡ್ ಇರ್ತೈತಿ. ಯಾರು ಮೊದಲ ಬಂದು ನಿಂತ್ರೋ ಅವರು ಮೊದಲ ಹೋಗಬೇಕು. ಪೊಲೀಸ್ ಇಲ್ಲ, ಹಾರ್ನ್ ಇಲ್ಲ, ಪಾಳಿ ಪ್ರಕಾರ ಹೋಗ್ತಾರ. ನಮ್ಮ ಹುಬ್ಬಳ್ಳಿ ಚನ್ನಮ್ಮ ಸರ್ಕಲ್‌ದಾಗ ಇದನ್ನ ಮಾಡಿದ್ರ ಮೊದಲ ಬಂದಾವ ಸಂಜೀತನಕ ಅಲ್ಲೇ ನಿಂತಿರ್ತಾನ. ಸಿಗ್ನಲ್‌ಗೆ ರೋಬೋಟ್ ಅಂತಾರ, ಯಾರರ "ರೋಬೋಟ್ ಹತ್ರ ಎಡಕ್ಕ ಹೊಳ್ಳು" ಅಂದ್ರ ಗಾಬರಿ ಆಗಬ್ಯಾಡ. ಊರ ಹೊರಗ 120ರ ತನಕ ಓಡಸಬಹುದು, ಆದ್ರ ಕತ್ತಲಾದ ಮ್ಯಾಲೆ ಹೆದ್ದಾರಿ ಬ್ಯಾಡವೇ ಬ್ಯಾಡ. ಆಕಳು, ಕತ್ತೆ ರಸ್ತಾದ ನಡಬರಕ ನಿಂತಿರ್ತಾವ. ಗಾಡಿ ಜಪಾನಿನಿಂದ ಬಂದ ಹಳೀವು ಕಡಿಮಿ ರೇಟಿಗೆ ಸಿಗ್ತಾವ. ನನ್ನ ಗಾಡಿ ರೇಡಿಯೋ ಇವತ್ತಿಗೂ ಜಪಾನಿ ಅಕ್ಷರ ತೋರಸ್ತೈತಿ, ಅದು ಏನ್ ಹೇಳ್ತೈತೋ ಅದರ ಪಾಡಿಗೆ ಹೇಳ್ಲಿ.

ಇನ್ನೊಂದು, ದುಡ್ಡು ಖರ್ಚಿಲ್ಲದ್ದು. ಯಾರ ಕೂಡ ಮಾತು ಶುರು ಮಾಡಿದ್ರೂ ಮೊದಲ ನಮಸ್ಕಾರ. ಹೆಣ್ಣಮಕ್ಕಳಿಗೆ "ದುಮೆಲಾ ಮ್ಮಾ", ಗಂಡಸರಿಗೆ "ದುಮೆಲಾ ರ್ರಾ". ಅಂಗಡ್ಯಾಗ, ಬ್ಯಾಂಕಿನಾಗ, ಗೇಟ್ ಕಾಯೋನ ಹತ್ರ, ಎಲ್ಲಾ ಕಡೆ. ನಾವು ಅಂಗಡಿಗೆ ಹೋದ ಕೂಡ್ಲೇ "ಇದು ಎಷ್ಟು" ಅಂತೀವಲ್ಲ, ಇಲ್ಲೆ ಅದು ಒರಟತನ. ದುಮೆಲಾ ಅನ್ನದ ಕೇಳಿದ್ರ ಕೌಂಟರಿನಾಕಿ ಮುಖ ಎತ್ತಿ ಸಹಿತ ನೋಡಂಗಿಲ್ಲ. ನಮ್ಮ ಮಂದಿ ಕೆಲವರು ಇಷ್ಟು ವರ್ಷ ಆದ್ರೂ ಇದನ್ನ ಕಲ್ತಿಲ್ಲ, ಆಮ್ಯಾಲೆ "ಇಲ್ಲಿ ಮಂದಿ ಕೆಲಸ ತಡಾ ಮಾಡ್ತಾರ" ಅಂತ ಬೈಕೋತ ಕೂಡ್ತಾರ. ನನಗ ಅದನ್ನ ಕೇಳಿದ್ರ ಸಿಟ್ಟು ಬರ್ತೈತಿ. ದುಡ್ಡು ಕೊಡೋ ಮುಂದ ಬಲಗೈಲೇ ಕೊಡಬೇಕು, ಎಡಗೈ ಬಲ ಮೊಳಕೈಗೆ ಮುಟ್ಟಿಸಿ ಕೊಟ್ರ ಮರ್ಯಾದಿ. ನಿನ್ನ ಹೆಸರು ಹಿಡಿದು ಕರಿಯಂಗಿಲ್ಲ, ಹಿರೇಮಗನ ಹೆಸರಿನ ಮುಂದ ಮ್ಮಾ ಹಚ್ಚಿ ಕರೀತಾರ. ದೊಡ್ಡವ್ವನ್ನ ಊರಾಗ ಎಲ್ಲಾರೂ ಅಣ್ಣನ ಅವ್ವ ಅಂತಾರಲ್ಲ, ಅದೇ ಪದ್ಧತಿ.

ದೊಡ್ಡವ್ವಾ, ಸಿಂಹ ಬರ್ತಾವೇನು ಅಂತ ಕೇಳಿದಿ. ಬರಂಗಿಲ್ಲ. ಆನಿ ಸಿಂಹ ಹೆಚ್ಚು ಇರೋದು ಉತ್ತರಕ್ಕ, ಚೋಬೆ ಅನ್ನೋ ಕಾಡಿನ ಕಡೆ, ಇಲ್ಲಿಂದ ಒಂಬತ್ತುನೂರು ಕಿಲೋಮೀಟರ್. ಮಲೇರಿಯಾನೂ ಆ ಕಡೇದೇ, ಗ್ಯಾಬೊರೋನ್‌ದಾಗ ಅದರ ಭಯ ಇಲ್ಲ. ಇಲ್ಲೆ ಖಾಲೆ ಗುಡ್ಡ ಹತ್ತಿದ್ರ ದೊಡ್ಡ ಮಂಗ್ಯಾ ಅದಾವ, ಕೈಯಾಗ ಚೀಲ ಕಂಡ್ರ ಕಸಗೋತಾವ. ಬಾಲಾಜಿ ಗುಡಿ ಐತಿ, ಶನಿವಾರ ಹೋಗ್ತೀವಿ. ನೀರು? ನೀ ಬರಗಾಲ ಕಂಡಾಕಿ, ನಿನಗ ಹೇಳೋದೇನು. 2015ರಾಗ ಈ ಊರಿನ ಡ್ಯಾಮ್ ಹೆಚ್ಚೂಕಡಿಮಿ ಬತ್ತಿತ್ತು, ತುಂಬಿದ್ದು 2017ರ ಫೆಬ್ರವರಿ ಚಂಡಮಾರುತದ ಮಳಿಗೆ. ಅವಾಗಿನ ಅಂಜಿಕಿ ಮಂದಿ ಮನಸಿನಾಗ ಇನ್ನೂ ಐತಿ, ಅಂಗಳದಾಗ ಹಸರು ಟ್ಯಾಂಕ್ ಇಡ್ತಾರ. ಟ್ಯಾಂಕ್ ಇಲ್ಲದ ಮನಿ ಹಿಡೀಬ್ಯಾಡ್ರಿ. ಕರೆಂಟು ಮೊದಲ ರೊಕ್ಕ ಕೊಟ್ಟು ತಗೋಳೋದು, ಇಪ್ಪತ್ತು ಅಂಕಿ ಬರ್ತಾವ, ಅದನ್ನ ಮೀಟರಿನಾಗ ಒತ್ತಬೇಕು. ಹಾಲು ಕಾಯಿಸೋ ಮುಂದ ಮುಗೀತೈತಿ, ಯಾವಾಗಲೂ.

ಹುಡುಗರ ಶಾಲಿ ಇಲ್ಲೆ ಜನವರಿಗೆ ಶುರು, ವರ್ಷಕ್ಕ ಮೂರು ಟರ್ಮ್. ಏಪ್ರಿಲ್‌ದಾಗ ಬಂದ್ರ ನಡು ವರ್ಷಕ್ಕ ಕೂಡಸ್ತಾರ, ಹಿರ್ಯಾವಗ ತ್ರಾಸ ಆಗ್ತೈತಿ. ಡಿಸೆಂಬರ್‌ದಾಗ ಬರ್ರಿ, ಸೀಟು ಈಗಲೇ ಕೇಳ್ರಿ. ಮತ್ತ ಸಣ್ಣಾವನ ಜನನ ಪ್ರಮಾಣಪತ್ರ ತಗದು ನೋಡು. ನಮ್ಮ ಕಡೆ ಹುಟ್ಟಿದ ಕೂಡ್ಲೇ ಮಾಡಿಸಿದ್ದರಾಗ ಕೂಸಿನ ಹೆಸರಿನ ಜಾಗ ಖಾಲಿ ಇರ್ತೈತಿ. ಹೆಸರು ಸೇರಿಸಿ, ತಾಯಿ ತಂದಿ ಇಬ್ಬರ ಹೆಸರೂ ಪಾಸ್‌ಪೋರ್ಟಿನಾಗ ಇದ್ದಂಗೇ ಇರೋ ಇಂಗ್ಲಿಷ್ ಪ್ರತಿ ತಗೊಂಡು ಅಪಾಸ್ಟಿಲ್, ಅಂದ್ರ ಹೊರದೇಶದಾಗ ನಡಿಯೋ ಸರ್ಕಾರಿ ಮುದ್ರಿ, ಮಾಡಿಸು. ಗಡಿ ದಾಟೋ ಮುಂದ ಮಕ್ಕಳ ಕಾಗದ ಕೇಳ್ತಾರ. ಮದುವಿ ಸರ್ಟಿಫಿಕೇಟು, ಇಬ್ಬರ ಡಿಗ್ರಿ ಕಾಗದಕ್ಕೂ ಅದನ್ನೇ ಮಾಡಿಸು. ಹೌದು, ನಿನ್ನ ಡಿಗ್ರೀದೂ. ಮುಂದ ನಿನ್ನ ಹೆಸರಿಲೆ ಪರ್ಮಿಟ್ ಹಾಕೋ ಮುಂದ ಬೇಕಾಗ್ತೈತಿ, ಇಲ್ಲಿಂದ ಅದನ್ನ ಮಾಡಸೋದು ದೊಡ್ಡ ತ್ರಾಸ.

ಕಾಕಾ, ರೊಕ್ಕದ ಸುದ್ದಿ. ಇಲ್ಲಿ ದುಡ್ಡಿಗೆ ಪುಲಾ ಅಂತಾರ, ಒಂದು ಪುಲಾಕ್ಕ ಆರು ರೂಪಾಯಿ ಮ್ಯಾಲೆ ಚಿಲ್ಲರೆ ಅಂತ ಲೆಕ್ಕ ಹಿಡೀರಿ. ಪಗಾರ ಕೇಳಿದ್ರ ಬಹಳ ಕಾಣ್ತೈತಿ. ಮನಿ ಬಾಡಿಗಿ, ಖಾಸಗಿ ಶಾಲಿ ಫೀ, ಎರಡನೇ ಕಾರು, ಇವು ಮೂರು ಕಳದ ಮ್ಯಾಲೆ ಉಳಿಯೋದನ್ನ ನೋಡ್ರಿ. ಎರಡನೇ ಕಾರು ಬ್ಯಾಡ ಅಂತ ಮಾತ್ರ ಉಳಸಬ್ಯಾಡ್ರಿ. ಸಾಮಾನು ಬಹಳಷ್ಟು ದಕ್ಷಿಣ ಆಫ್ರಿಕಾದಿಂದ ಬರ್ತೈತಿ. 2022ರಾಗ ಇಲ್ಲಿ ರೈತರು ಬೆಳೀಲಿ ಅಂತ ಸರ್ಕಾರ ಹೊರಗಿನ ಟೊಮ್ಯಾಟೊ ಉಳ್ಳಾಗಡ್ಡಿ ತಡದಿತ್ತು. ರೈತರ ಪರ ಇರೋ ನಿಮಗ ಅದು ಸರಿ ಅನಸ್ತೈತಿ, ಸಂತಿ ಮಾಡೋ ನನಗ ಅರ್ಧಾ ಸರಿ ಅನಸ್ತು. ಕಳ್ಳತನ ಐತಿ, ಇಲ್ಲ ಅನ್ನಂಗಿಲ್ಲ. ಫೋನ್ ಕೈಯಾಗ ಆಡಿಸಿಕೋತ ನಡೀಬಾರದು, ರಾತ್ರಿ ಒಬ್ಬರೇ ತಿರಗಬಾರದು, ಅಷ್ಟು ಎಚ್ಚರ ಸಾಕು.

ಕಡೀದು ಒಂದು ಕಾಕಾ, ಅಳಿಯನ ಕೆಲಸದ ಪರ್ಮಿಟ್ ಕಾಗದ ಕೈಗೆ ಬಂದ ಮ್ಯಾಲೇ ಹುಡುಗರ ಟಿಕೆಟ್ ತಗಸ್ರಿ. "ಇವತ್ತು ನಾಳೆ ಆಗ್ತೈತಿ" ಅಂತ ಕಂಪನಿಯವರು ಹೇಳ್ತಾರ, ಆ ಮಾತಿನ ಮ್ಯಾಲೆ ಅಲ್ಲ.