ಬೋಟ್ ಟ್ರೇಲರ್‌ಗೆ 4.80-12 ಟೈರ್ ಎಲ್ಲೂ ಸಿಗ್ತಿಲ್ಲ, ಬದಲಿಗೆ ಏನ್ ಹಾಕ್ಬಹುದು?

ಹೊಳೆಕರೆ_ಹುಡ್ಗ (ಸಿದ್ದಾಪುರ)

ಎಲ್ರಿಗೂ ನಮಸ್ಕಾರ. 2019ರ ಆಗಸ್ಟಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ನುಗ್ಗಿದ್ದು ನೆನಪಿರ್ಬೇಕಲ್ಲ, ಅದಾದ್ಮೇಲೆ ನಮ್ಮೂರ ಹುಡುಗ್ರೆಲ್ಲ ಕೈಲಾದಷ್ಟು ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಗೊಂಡ್ವಿ, ಟ್ರೇಲರ್ ಸಮೇತ. ಟ್ರೇಲರ್ ಫಾರಿನ್ ಮಾಲು, ಟೈರ್ ಮೇಲೆ 4.80-12 ಅಂತ ಬರೆದಿದೆ. ವರ್ಷದಲ್ಲಿ ಹನ್ನೊಂದು ತಿಂಗಳು ಶೆಡ್ಡಲ್ಲೇ ನಿಂತಿರುತ್ತೆ, ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್ ಮಳೇಲಿ, ಹೊಳೆ ಮೇಲೆ ಬಂದ್ರೆ ಮಾತ್ರ ಕೆಲಸ.

ಹೋದ ಭಾನುವಾರ ಮಳೆಗೆ ಮುಂಚೆ ಒಂದ್ಸಲ ಚೆಕ್ ಮಾಡೋಣ ಅಂತ ಜೀಪಿಗೆ ಕಟ್ಟಿ ನೆಲ್ಯಹುದಿಕೇರಿ ಸೇತುವೆ ತನಕ ಹೋಗಿ ಬಂದ್ವಿ, ವಾಪಸ್ ಬಂದು ನೋಡಿದ್ರೆ ಎಡಗಡೆ ಟೈರ್ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿದೆ. ಬಟನ್ (ರೋಡಿಗೆ ತಾಗೋ ಹಲ್ಲು) ಹೊಸದರ ಥರಾನೇ ಇದೆ, ಆದ್ರೆ ಸೈಡಲ್ಲಿ ಪೂರ್ತಿ ಬಿರುಕು, ಉಗುರು ಒಳಗೆ ಹೋಗುತ್ತೆ. ಕುಶಾಲನಗರ, ವಿರಾಜಪೇಟೆ ಎರಡೂ ಕಡೆ ಕೇಳಾಯ್ತು, ಈ ಸೈಜ್ ಕೇಳಿದ್ರೇನೇ ನಗ್ತಾರೆ. ಆನ್‌ಲೈನಲ್ಲಿ ಇಂಪೋರ್ಟೆಡ್ ಸಿಗುತ್ತೆ, ರೇಟ್ ನೋಡಿ ತಲೆ ತಿರುಗ್ತು, ಮೇಲಿಂದ ಬರೋದು ಆರೇಳು ವಾರ ಅಂತೆ. ಅಷ್ಟರಲ್ಲಿ ಮೃಗಶಿರ ಮುಗಿದು ಆರಿದ್ರಾನೂ ಮುಗಿದಿರುತ್ತೆ. ಯಾರಾದ್ರೂ ದಾರಿ ಹೇಳಿ.

ಗೂಡ್ಸ್_ಆಟೋ_ಸೋಮವಾರಪೇಟೆ

ತಲೆ ಕೆಡಿಸ್ಕೋಬೇಡಿ, ಗೂಡ್ಸ್ ಆಟೋ ಟೈರ್ ಹಾಕಿ. ನನ್ ಗಾಡಿ ಅರ್ಧ ಟನ್ ಶುಂಠಿ ಹೇರ್ಕೊಂಡು ಏರಿ ಹತ್ತುತ್ತೆ, ನಿಮ್ ಬೋಟ್ ಯಾವ ಲೆಕ್ಕ.

ಹಳೇಜೀಪ್_ಮಡಿಕೇರಿ

ಅಣ್ಣ, ಭಾರ ತಡೆಯುತ್ತೆ ಸರಿ, ಆದ್ರೆ ಆಟೋ ಟೈರು ಹೆಚ್ಚಾಗಿ 8 ಇಂಚು ಇಲ್ಲಾ 10 ಇಂಚಿಂದು, ಇವರ ರಿಮ್ 12. ರಿಮ್ಮೇ ಬದಲಾಯಿಸ್ಬೇಕು, ಆಗ ಚಕ್ರ ಕೂರೋ ಹಬ್ಬಿನ ಬೋಲ್ಟ್‌ಗೆ ಕೂರಲ್ಲ, ಟ್ರೇಲರ್ರೂ ತಗ್ಗಾಗಿ ಹೊಳೆಕರೆ ಕಲ್ಲಿಗೆಲ್ಲ ತಾಗುತ್ತೆ. ಒಂದು ಟೈರ್ ಉಳಿಸೋಕೆ ಹೋಗಿ ಆಕ್ಸೆಲ್ಲಿಗೆ ಬರುತ್ತೆ ಖರ್ಚು.

ಹೊಳೆಕರೆಯವ್ರೇ, 4.80-12 ಅಮೆರಿಕದ ಬೋಟ್ ಟ್ರೇಲರ್‌ಗಳ ಮಾಮೂಲಿ ಸೈಜು. ಅಲ್ಲಿ ಟ್ರೇಲರ್‌ಗೇ ಅಂತ ಎಸ್‌ಟಿ ಅಂತ ಬೇರೆ ಜಾತಿ ಟೈರೇ ಉಂಟು, ಸೈಡ್ ಗಟ್ಟಿ ಇರುತ್ತೆ. ನಮ್ಮ ಅಂಗಡಿಗಳಲ್ಲಿ ಅದನ್ನ ಹುಡುಕ್ತಾ ಕೂರಬೇಡಿ. ನಿಮಗೆ ಬೇಕಾಗಿರೋದು 145 ಆರ್ 12 ಎಲ್‌ಟಿ (ಲೈಟ್ ಟ್ರಕ್), ಅಂದ್ರೆ ಟಾಟಾ ಏಸ್ ಟೈರು, ಕುಶಾಲನಗರದಲ್ಲೇ ಸಿಗುತ್ತೆ. ಲೆಕ್ಕ ನೋಡಿ: 12 ಇಂಚು ಅಂದ್ರೆ 305 ಮಿ.ಮೀ., ಟೈರಿನ ಗೋಡೆ ಎತ್ತರ ಅಗಲದ 80 ಪರ್ಸೆಂಟ್, 145ಕ್ಕೆ 116, ಮೇಲೊಂದು ಕೆಳಗೊಂದು ಸೇರಿ 232. ಒಟ್ಟು 537. ನಿಮ್ಮ ಹಳೇದು ಹೆಚ್ಚುಕಮ್ಮಿ 530 ಇರುತ್ತೆ, ಎತ್ತರದಲ್ಲಿ ಏನೂ ಗೊತ್ತಾಗಲ್ಲ. ಎರಡಕ್ಕೂ ರಿಮ್ 4 ಇಂಚು ಅಗಲದ್ದೇ ಸಾಕು, ಆದ್ರೂ ನಿಮ್ಮ ರಿಮ್ಮಿನ ಒಳಗಡೆ ಅಗಲ ಟೇಪ್ ಹಿಡಿದು ನೋಡ್ಕೊಳ್ಳಿ. ಟೈರಿನ ಅಗಲ ಮಾತ್ರ ಜಾಸ್ತಿ, 4.80 ಇಂಚು ಅಂದ್ರೆ 122, ಇದು 145, ಒಂದೊಂದು ಪಕ್ಕಕ್ಕೆ ಒಂದು ಬೆರಳಿನಷ್ಟು ಹೊರಗೆ ಬರುತ್ತೆ, ಮಡ್‌ಗಾರ್ಡಿಗೆ ಫ್ರೇಮಿಗೆ ತಾಗದೇ ಇದ್ರೆ ಆಯ್ತು.

ಕಾರಿಗೆ ಬರೋ 145/80 ಆರ್ 12 ಕೊಟ್ರೆ ತಗೋಬೇಡಿ. ಸೈಜ್ ಒಂದೇ, ಹೊಟ್ಟೆ ಬೇರೆ. ಸೈಜಿನ ಪಕ್ಕ ಒಂದು ನಂಬರ್ ಇರುತ್ತೆ, ಒಂದು ಟೈರ್ ಎಷ್ಟು ಭಾರ ತಡೆಯುತ್ತೆ ಅಂತ, ಕಾರಿಂದಕ್ಕೆ 74 ಅಂತಿದ್ರೆ 375 ಕೆ.ಜಿ., ಎಲ್‌ಟಿ 8 ಪ್ಲೈಗೆ (ಪ್ಲೈ ಅಂದ್ರೆ ಗಟ್ಟಿತನದ ಲೆಕ್ಕ) 86/84 ಅಂತಿದ್ರೆ 530 ಕೆ.ಜಿ. ಮೊದಲನೇ ನಂಬರ್ ನೋಡಿ ಸಾಕು, ಎರಡನೇದು ಲಾರಿ ಥರ ಜೋಡಿ ಚಕ್ರ ಇರೋದಕ್ಕೆ. ಮತ್ತೆ ನಿಮ್ಮ ಹಳೇದು ಹೆಚ್ಚಾಗಿ ಬಯಾಸ್ (ಒಳಗಿನ ದಾರ ಓರೆಯಾಗಿ ಹಾಸಿದ್ದು) ಇರುತ್ತೆ, ಇದು ರೇಡಿಯಲ್ (ದಾರ ನೇರ ಅಡ್ಡಕ್ಕೆ ಹಾಸಿದ್ದು), ಎರಡೂ ಒಂದೇ ಥರ ಓಡಲ್ಲ, ಗುಳ್ಳೆ ಬಂದಿದ್ದು ಒಂದೇ ಅಲ್ವಾ ಅಂತ ಒಂದನ್ನೇ ಹಾಕಬೇಡಿ, ಎರಡೂ ಬದಲಾಯಿಸಿ. ಮೊದಲು ಟ್ರೇಲರ್ ಎಷ್ಟು ತೂಗುತ್ತೆ ಅಂತ ನೋಡಿ ಬನ್ನಿ.

ಕಾಫಿತೋಟ_ಗೋಣಿಕೊಪ್ಪ

ಮೇಲಿನವರು ಹೇಳಿದ್ದು ಕರೆಕ್ಟ್. ಇನ್ನೊಂದು, ಟೈರ್ ಹುಟ್ಟಿದ ತಾರೀಕು ನೋಡ್ದೆ ದುಡ್ಡು ಕೊಡಬೇಡಿ. ಡಿಒಟಿ ಅಂತ ಇರೋ ಸಾಲಿನ ಕೊನೇಲಿ ನಾಲ್ಕಂಕಿ ಇರುತ್ತೆ, ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ನಾನು ಪವರ್ ಟಿಲ್ಲರ್ ಟ್ರೇಲರ್‌ಗೆ ಅಂತ ಒಂದು ಅಂಗಡಿಯಿಂದ ತಂದೆ, ಲಕಲಕ ಹೊಳೀತಿತ್ತು, ಮನೇಲಿ ಬಂದು ನೋಡಿದ್ರೆ ಆರು ವರ್ಷ ಹಳೇದು, ಪಾಲಿಶ್ ಹೊಡೆದು ಇಟ್ಟಿದ್ರು. ವಾಪಸ್ ಕೊಡೋಕೆ ಹೋದ್ರೆ ರಬ್ಬರಿಗೆ ವಯಸ್ಸೆಲ್ಲಿ ಸಾರ್ ಅಂತಾನೆ!

ದಿನಾ ಓಡೋ ಗಾಡಿಗೆ ಬಟನ್ ಸವೆದು ಟೈರ್ ಸಾಯುತ್ತೆ, ನಿಂತಿರೋ ಟ್ರೇಲರ್‌ಗೆ ಬಿಸಿಲಿಗೆ ಗಾಳಿಗೆ ವಯಸ್ಸಾಗಿ ಸಾಯುತ್ತೆ. ರೀಟ್ರೆಡ್ ಮಾಡ್ಸಿ, ಅಂದ್ರೆ ಹಳೇ ಟೈರಿಗೆ ಹೊಸ ಬಟನ್ ಕೂರಿಸಿ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ, ನಿಮ್ಮ ಬಟನ್ ಚೆನ್ನಾಗೇ ಇದೆ, ಹೋಗಿರೋದು ಗೋಡೆ.

ಸಂಪಾಜೆಯವ

ಟೈರ್ ವಿಷಯ ಆಯ್ತು ಮಾರಾಯ್ರೆ, ಬೇರಿಂಗ್ ಯಾರೂ ಕೇಳ್ಲೇ ಇಲ್ವಲ್ಲ? ಬೋಟ್ ಟ್ರೇಲರ್ ದಾರಿಯಲ್ಲಿ ನಿಲ್ಲೋದು ಟೈರಿಂದ ಎಷ್ಟೋ, ಬೇರಿಂಗಿಂದಲೂ ಅಷ್ಟೇ. ಓಡಿ ಓಡಿ ಹಬ್ ಬಿಸಿಯಾಗಿರ್ತದೆ, ಬಂದ ಕೂಡ್ಲೇ ಹೊಳೆಗೆ ಇಳಿಸಿದ್ರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ತದೆ, ಆಗ ಸೀಲಿನ ಸಂದಿಯಿಂದ ನೀರು ಎಳ್ಕೊಳ್ತದೆ. ಗ್ರೀಸ್ ಹಾಲಿನ ಹಾಗೆ ಬೆಳ್ಳಗಾಗ್ತದೆ, ಆರು ತಿಂಗಳು ನಿಲ್ಲಿಸಿ ತೆಗೆದ್ರೆ ಬೇರಿಂಗ್ ಪೂರಾ ತುಕ್ಕು. ಸ್ವಲ್ಪ ಹೊತ್ತು ಬಿಟ್ಟು ಇಳಿಸಿ. ನೆರೆ ಟೈಮಲ್ಲಿ ಕಾಯೋಕಾಗೋದಿಲ್ಲ ಗೊತ್ತುಂಟು, ಜನ ಇದ್ದರೆ ಹಬ್ ಮುಳುಗುವ ಮೊದಲೇ ಬೋಟನ್ನ ಕೈಯಲ್ಲಿ ಜಾರಿಸಿ, ಇಲ್ಲದಿದ್ರೆ ಮಳೆ ನಿಂತ ಮೇಲೆ ಹಬ್ ಬಿಚ್ಚಿ ಹೊಸ ಗ್ರೀಸ್, ಹೊಸ ಸೀಲ್. ಈಗ ಹೇಗೂ ಚಕ್ರ ಬಿಚ್ತೀರಲ್ಲ, ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದ್ರೆ ಬೇರಿಂಗೂ ಹೋಯ್ತು ಅಂತ.

ಹೊಳೆಕರೆ_ಹುಡ್ಗ (ಸಿದ್ದಾಪುರ)

ಎಲ್ರಿಗೂ ಥ್ಯಾಂಕ್ಸ್. ಇವತ್ತು ಪರಿಚಯದ ಕಾಫಿ ವರ್ಕ್ಸ್ ವೇಬ್ರಿಡ್ಜಲ್ಲಿ ಟ್ರೇಲರ್ ಒಂದನ್ನೇ ಬಿಚ್ಚಿ ನಿಲ್ಲಿಸಿ ತೂಗಿದ್ವಿ, ಎಂಜಿನ್ನು, ಹಗ್ಗ, ಲೈಫ್ ಜಾಕೆಟ್ ಎಲ್ಲ ಸೇರಿ 480 ಕೆ.ಜಿ. ಅಲ್ಲಿಗೆ ಒಂದು ಚಕ್ರಕ್ಕೆ 240. ಭಾರ ಜಾಸ್ತಿ ಆಗಿ ಗುಳ್ಳೆ ಬಂತು ಅಂತ ನಮ್ಮೂರಲ್ಲಿ ಎಂಜಿನ್ ತಂದವನಿಗೆ ಬೈದಿದ್ದೇ ಬೈದಿದ್ದು ಪಾಪ. ಗೋಣಿಕೊಪ್ಪದಣ್ಣ ಹೇಳಿದ್ರಲ್ಲ ಅಂತ ತಾರೀಕು ನೋಡ್ದೆ, 2211. ಅಂದ್ರೆ 2011ರ 22ನೇ ವಾರ, ನಾವು ತಗೊಳ್ಳೋ ಹೊತ್ತಿಗೇ ಎಂಟು ವರ್ಷ ಆಗಿತ್ತು. ಸ್ಟೆಪ್ನೀನೂ ಅದೇ ವಾರದ್ದು.

ಬಲಗಡೆ ಬೇರಿಂಗ್ ಗರಗರ ಅಂತಿದೆ, ಅದನ್ನೂ ಹಾಕಿಸ್ತೀವಿ. ಏಸ್ ಟೈರ್ ಅಂಗಡೀಲಿ ಇದೆ ಅಂದ್ರು, 8 ಪ್ಲೈ. ಇನ್ನೆರಡು ಡೌಟು. ರಿಮ್ ಒಳಗಡೆ ತುಕ್ಕು ಇದೆ, ಟ್ಯೂಬ್ಲೆಸ್ ಮಾಡ್ಬಹುದಾ? ಗಾಳಿ ಎಷ್ಟು?

ಹಳೇಜೀಪ್_ಮಡಿಕೇರಿ

ತುಕ್ಕು ರಿಮ್ಮಿಗೆ ಟ್ಯೂಬ್ಲೆಸ್ ಬೇಡ, ಅಂಚಲ್ಲಿ ಗಾಳಿ ಇಳಿಯುತ್ತೆ, ಬೇಕಾದ ದಿನಾನೇ ಫ್ಲಾಟ್ ಆಗಿರುತ್ತೆ. ವೈರ್ ಬ್ರಶ್ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ರೇಡಿಯಲ್‌ಗೆ ಅಂತ ಬರೋ ಟ್ಯೂಬ್ ಕೇಳಿ ಹಾಕ್ಸಿ. ತುಕ್ಕು ತಿಂದು ರಿಮ್ಮೇ ತೆಳ್ಳಗಾಗಿದ್ರೆ ಅದನ್ನ ಬಿಸಾಕಿ. ಗಾಳಿ, ಟೈರ್ ಮೇಲೆ ಬರೆದಿರೋದು ಪೂರ್ತಿ ಭಾರಕ್ಕೆ, ನಿಮ್ಮದು ಅದರ ಅರ್ಧಾನೂ ಇಲ್ಲ, ಫುಲ್ ಹೊಡೆದ್ರೆ ನಮ್ಮ ರೋಡಲ್ಲಿ ಬೋಟ್ ಕುಪ್ಪಳಿಸುತ್ತೆ. ನಾನಾದ್ರೆ ಈ ಭಾರಕ್ಕೆ 40 ಪಿಎಸ್‌ಐ ಹಾಕ್ತೀನಿ. ನಟ್ಟುಗಳನ್ನ 50 ಕಿ.ಮೀ. ಓಡಿದ್ಮೇಲೆ ಇನ್ನೊಂದ್ಸಲ ಟೈಟ್ ಮಾಡಿ, ಹೊಸ ಪೇಂಟ್ ಮೇಲೆ ಸಡಿಲ ಆಗುತ್ತೆ.

ಕಾಫಿತೋಟ_ಗೋಣಿಕೊಪ್ಪ

ಮಳೆಗಾಲ ಮುಗಿದ್ಮೇಲೆ ಆಕ್ಸೆಲ್ ಕೆಳಗೆ ಸೈಜುಗಲ್ಲು ಕೊಟ್ಟು ಚಕ್ರ ನೆಲ ಬಿಟ್ಟು ಎತ್ತಿಡಿ, ಟೈರ್ ಮೇಲೆ ಹಳೇ ಕಾಫಿ ಗೋಣಿ ಹೊದಿಸಿ, ಬಿಸಿಲು ಬೀಳಬಾರ್ದು. ಟೈರ್ ಮೂರು ತಗೊಳ್ಳಿ ಮತ್ತೆ, ಸ್ಟೆಪ್ನಿ ಮರೀಬೇಡಿ.

ಹೊಳೆಕರೆ_ಹುಡ್ಗ (ಸಿದ್ದಾಪುರ)

ಮೂರು ಹೇಳಿದೀನಿ, ನಾಳೆ ಬೆಳಿಗ್ಗೆ ಹೋಗ್ತಿದೀವಿ. ಎಂಜಿನ್ ತಂದವನೇ ಜೀಪ್ ಓಡಿಸೋದು, ತಿಂಡಿ ನಮ್ ಲೆಕ್ಕ.