ಟೆಂಡರ್ ಹಾಕುವ ಮೊದಲು ನಾಲೆ ಏರಿ ಮೇಲೆ ನಡೆದು ಬನ್ನಿ: ಈ ವಾರದ ಪ್ರಶ್ನೋತ್ತರ

ಈ ವಾರ ಟೆಂಡರ್ ಬಗ್ಗೆ ಬಂದ ಪ್ರಶ್ನೆಗಳು. ಉತ್ತರ ಕೊಡುತ್ತಿರುವವರು ಮೈಸೂರಿನಲ್ಲಿ 22 ವರ್ಷದಿಂದ ಕಾಂಟ್ರಾಕ್ಟರುಗಳಿಗೆ ಎಸ್ಟಿಮೇಟ್ ಮತ್ತು ಟೆಂಡರ್ ತಯಾರು ಮಾಡಿಕೊಡುವ ಸಿವಿಲ್ ಎಂಜಿನಿಯರ್.

ಪ್ರಶ್ನೆ (ಮದ್ದೂರು ತಾಲ್ಲೂಕಿನಿಂದ): ಸರ್ ನಮಸ್ಕಾರ. ಇಷ್ಟು ದಿನ 20–30 ಲಕ್ಷದ ಕೆಲಸಗಳನ್ನೇ ಮಾಡಿಕೊಂಡಿದ್ದೆ. ದೊಡ್ಡದು ಅಂದರೆ 65 ಲಕ್ಷದ ಒಂದು ಸಿ.ಸಿ. ರಸ್ತೆ ಮುಗಿಸಿದ್ದೇನೆ. ಈಗ ಮೊದಲ ಸಲ ಕೋಟಿ ದಾಟಿದ ಟೆಂಡರ್ ಹಾಕಬೇಕು ಅಂತಿದ್ದೇನೆ. ನಾಲೆ ಪಕ್ಕದ ಸಿ.ಸಿ. ರಸ್ತೆ, ಚರಂಡಿ, ಎರಡು ಮೋರಿ. ಮೊತ್ತ 1 ಕೋಟಿ 20 ಲಕ್ಷ, ಅವಧಿ 9 ತಿಂಗಳು. ದಾಖಲೆ ಕೆಡಬ್ಲ್ಯೂ-4 (ಸರ್ಕಾರಿ ಕಾಮಗಾರಿ ಟೆಂಡರಿನ ಒಂದು ಸಿದ್ಧ ನಮೂನೆ), ಎರಡು ಕವರ್. ಕಳೆದ ಐದು ವರ್ಷದಲ್ಲಿ ಒಂದು ವರ್ಷಕ್ಕೆ ನಾನು ಮಾಡಿದ ಅತಿ ಜಾಸ್ತಿ ಕೆಲಸ 1 ಕೋಟಿ 40 ಲಕ್ಷ. ಕೈಯಲ್ಲಿ ಇನ್ನೂ 60 ಲಕ್ಷದ ಕೆಲಸ ಬಾಕಿ ಇದೆ. ಗೆಳೆಯರೆಲ್ಲ "18 ಪರ್ಸೆಂಟ್ ಬಿಲೋ ಹಾಕು, ಇಲ್ಲಾಂದ್ರೆ ಸಿಗಲ್ಲ" ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಇಲಾಖೆ ದರಕ್ಕಿಂತ ಶೇ. 18 ಕಡಿಮೆ ಅನ್ನುವ ಆ ಮಾತನ್ನು ಈಗಲೇ ತಲೆಯಿಂದ ತೆಗೆದುಬಿಡಿ. ಅದು ಕಟ್ಟಕಡೆಗೆ ಬರುವ ಲೆಕ್ಕ. ಮೊದಲು ನೀವು ಈ ಟೆಂಡರಿಗೆ ಅರ್ಹರೋ ಅಲ್ಲವೋ ನೋಡೋಣ.

ಎರಡು ಕವರ್ ಅಂದರೆ ಒಂದರಲ್ಲಿ ನಿಮ್ಮ ಯೋಗ್ಯತೆ, ಇನ್ನೊಂದರಲ್ಲಿ ನಿಮ್ಮ ದರ. ಟೆಕ್ನಿಕಲ್ ಕವರ್ ಮೊದಲು ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರದ ಕವರ್ ಮಾತ್ರ ಆಮೇಲೆ ತೆರೆಯುತ್ತಾರೆ. ಮೊದಲನೆಯದರಲ್ಲಿ ಬಿದ್ದುಹೋದರೆ ನೀವು ಎಷ್ಟು ಕಡಿಮೆ ಹಾಕಿದ್ದಿರಿ ಅಂತ ಯಾರೂ ನೋಡುವುದೇ ಇಲ್ಲ. ಹೊಸಬರ ಟೆಂಡರ್ ಹೋಗುವುದು ಇಲ್ಲೇ ಜಾಸ್ತಿ. ಅದೂ ಸಣ್ಣ ಕಾರಣಕ್ಕೆ. ವರ್ಕ್ ಡನ್ ಸರ್ಟಿಫಿಕೇಟಿನಲ್ಲಿ ಎಂಜಿನಿಯರ್ ಸಹಿ ಇದೆ, ಕೆಲಸ ಮುಗಿದ ದಿನಾಂಕ ಇಲ್ಲ. ಟರ್ನೋವರ್ ಕಾಗದ ಇದೆ, ಒಂದು ವರ್ಷದ್ದು ಸ್ಕ್ಯಾನ್ ಆಗಿಲ್ಲ. ಇಂಥವೇ.

ಇದೇ ಥರದ ಒಂದು ಕೆಲಸ ಮುಗಿಸಿರಬೇಕು ಅನ್ನುವ ಷರತ್ತು ಇರುತ್ತದೆ. ಎಷ್ಟು ಮೊತ್ತದ್ದು ಅಂತ ದಾಖಲೆಯಲ್ಲೇ ಬರೆದಿರುತ್ತಾರೆ. ಸಾಮಾನ್ಯವಾಗಿ ಟೆಂಡರ್ ಮೊತ್ತದ ಅರ್ಧ. ನಿಮ್ಮ ವಿಷಯದಲ್ಲಿ ಅದು 60 ಲಕ್ಷ, ನಿಮ್ಮ ರಸ್ತೆ 65 ಲಕ್ಷ. ಸರಿಹೋಗುತ್ತದೆ. ಆದರೆ ಆ ಕೆಲಸದ ಅಗ್ರಿಮೆಂಟ್ ನಿಮ್ಮ ಹೆಸರಿನಲ್ಲೇ ಇದೆ ತಾನೆ? ಬೇರೆಯವರ ಲೈಸೆನ್ಸಿನಲ್ಲಿ ನೀವು ಕೈಯಾರೆ ಮಾಡಿದ ಕೆಲಸವಾದರೆ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬೆವರು ಸುರಿಸಿದವರಿಗೆ ಇದು ನೋವಿನ ಮಾತು, ನನಗೆ ಗೊತ್ತು. ಆದರೂ ಮೊದಲೇ ಹೇಳಿಬಿಡಬೇಕು.

ಇನ್ನು ಬಿಡ್ ಕೆಪಾಸಿಟಿ, ಅಂದರೆ ನೀವು ಇನ್ನೆಷ್ಟು ಮೊತ್ತದ ಕೆಲಸ ಹೊರಬಲ್ಲಿರಿ ಅನ್ನುವ ಲೆಕ್ಕ. ಕೆಡಬ್ಲ್ಯೂ-4ರಲ್ಲಿ ಅದಕ್ಕೊಂದು ಸೂತ್ರ ಇದೆ. ಐದು ವರ್ಷದಲ್ಲಿ ಒಂದು ವರ್ಷಕ್ಕೆ ಮಾಡಿದ ಅತಿ ಜಾಸ್ತಿ ಕೆಲಸವನ್ನು ಈ ಟೆಂಡರಿನ ಅವಧಿಯಿಂದ ಗುಣಿಸಬೇಕು. ಅವಧಿಯನ್ನು ವರ್ಷದ ಲೆಕ್ಕದಲ್ಲಿ ತಗೊಳ್ಳಬೇಕು. ಅದನ್ನು ಮತ್ತೆ ಒಂದೂವರೆಯಿಂದ ಗುಣಿಸಿ, ಕೈಯಲ್ಲಿರುವ ಕೆಲಸ ಕಳೆಯಬೇಕು. ನಿಮ್ಮದು ಹಾಕಿ ನೋಡಿದೆ. 140 ಲಕ್ಷ, 9 ತಿಂಗಳು ಅಂದರೆ 0.75, ಮತ್ತೆ 1.5. ಒಟ್ಟು 157.5 ಲಕ್ಷ. ಅದರಲ್ಲಿ 60 ಕಳೆದರೆ ಉಳಿಯುವುದು 97.5. ಬೇಕಾದದ್ದು 120. ಹೀಗೇ ಬರೆದು ಕೊಟ್ಟರೆ ನೀವು ಔಟ್.

ಆದರೆ ಆ ಸಾಲನ್ನು ಇನ್ನೊಂದು ಸಲ ಓದಿ. ಕಳೆಯಬೇಕಾದದ್ದು ಕೈಯಲ್ಲಿರುವ ಪೂರ್ತಿ ಕೆಲಸವಲ್ಲ. ಈ ಟೆಂಡರಿನ ಅವಧಿಯೊಳಗೆ, ಅಂದರೆ ಮುಂದಿನ 9 ತಿಂಗಳಲ್ಲಿ ಮಾಡಬೇಕಾದ ಭಾಗ ಮಾತ್ರ. ನಿಮ್ಮ 60 ಲಕ್ಷದಲ್ಲಿ ಅರ್ಧ ಕೆಲಸ ಅದರಾಚೆಗೆ ಇದ್ದರೆ ಕಳೆಯುವುದು 30 ಮಾತ್ರ. ಆಗ 127.5 ಬರುತ್ತದೆ, ನೀವು ಒಳಗೆ. ಹಾಗಿದ್ದರೆ ಪ್ರತಿ ಕೆಲಸದ ಮುಗಿಸುವ ದಿನಾಂಕ ಹಾಕಿ, ಸರ್ಟಿಫಿಕೇಟ್ ಸಮೇತ ಕೊಡಿ. ಇಲ್ಲದ್ದನ್ನು ಇದೆ ಅಂತ ಮಾತ್ರ ಬರೆಯಬೇಡಿ. ಸುಳ್ಳು ಮಾಹಿತಿ ಸಿಕ್ಕಿಬಿದ್ದರೆ ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ) ಹೋಗಬಹುದು, ಕಪ್ಪುಪಟ್ಟಿಗೂ ಸೇರಿಸಬಹುದು.

ಇದಾದ ಮೇಲೆ ಸ್ಥಳ ನೋಡಿ. ದಯವಿಟ್ಟು ಬೈಕಿನಲ್ಲಿ ಒಂದು ಸುತ್ತು ಹೋಗಿ ಬಂದು "ನೋಡಿದೆ" ಅನ್ನಬೇಡಿ. ನಡೆಯಿರಿ.

ಯಾಕೆ ಹೇಳ್ತೀನಿ ಅಂದ್ರೆ, ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಮಂಡ್ಯ ಜಿಲ್ಲೆಯಲ್ಲೇ ನಾಲೆ ಪಕ್ಕದ ಒಂದು ಟೆಂಡರಿಗೆ ನಾನೇ ದರ ಹಾಕಿದ್ದೆ. ಸ್ಥಳಕ್ಕೆ ಹೋದದ್ದು ಏಪ್ರಿಲಿನಲ್ಲಿ. ನಾಲೆ ಒಣಗಿತ್ತು. ಒಳಗೆ ಇಳಿದು ಆ ಕಡೆ ದಡ ಹತ್ತಿ ಬಂದೆ. ನೆಲ ಕಲ್ಲಿನ ಹಾಗಿತ್ತು. ವರ್ಕ್ ಆರ್ಡರ್ ಕೈಗೆ ಬಂದದ್ದು ಜುಲೈ ಕೊನೆಗೆ. ಅಷ್ಟರಲ್ಲಿ ಕೆ.ಆರ್.ಎಸ್.ನಿಂದ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಮೋರಿ ಪಾಯ ಅಗೆದ ಸಂಜೆಯೇ ಗುಂಡಿ ತುಂಬಿ, ಬೆಳಗ್ಗೆ ನೋಡಿದರೆ ಕೆಸರಿನಲ್ಲಿ ಕಂಬಿ ಮುಳುಗಿತ್ತು. ಎರಡು ಡೀಸೆಲ್ ಪಂಪು ಹಗಲು ರಾತ್ರಿ ಓಡಿದರೂ ಆಗಲಿಲ್ಲ. ಹನ್ನೊಂದು ದಿನ ನೋಡಿ ಕೆಲಸ ನಿಲ್ಲಿಸಿದೆವು. ನೀರು ಹೊರಹಾಕುವ ಖರ್ಚನ್ನು ನಾನು ದರದಲ್ಲಿ ಸೇರಿಸಿರಲೇ ಇಲ್ಲ. ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ. ಅವತ್ತಿನಿಂದ ನಾಲೆ ಕೆಲಸ ಅಂದರೆ ನಾನು ಮೊದಲು ಕೇಳುವುದು ನೀರು ಯಾವಾಗ ಬಿಡ್ತಾರೆ, ಯಾವಾಗ ನಿಲ್ಲಿಸ್ತಾರೆ ಅಂತ. ಅದನ್ನು ಆಫೀಸಿನಲ್ಲೂ ಕೇಳಿ, ಅಲ್ಲಿನ ರೈತರನ್ನೂ ಕೇಳಿ.

ಇನ್ನೊಂದು, ಮಣ್ಣು. ಬಿ.ಒ.ಕ್ಯೂ.ನಲ್ಲಿ (ಕೆಲಸದ ಐಟಂ, ಪ್ರಮಾಣಗಳ ಪಟ್ಟಿ) ಅಗೆದ ಮಣ್ಣನ್ನು 50 ಮೀಟರ್ ಒಳಗೆ ಹಾಕುವುದು ಅಂತ ಇರುತ್ತದೆ. ನಿಮ್ಮ ರಸ್ತೆಯ ಎಡಕ್ಕೆ ನಾಲೆ, ಬಲಕ್ಕೆ ಕಬ್ಬಿನ ಗದ್ದೆ. ಎಲ್ಲಿ ಹಾಕ್ತೀರಿ? ಟ್ರಾಕ್ಟರಿನಲ್ಲಿ ಮೂರು ಕಿಲೋಮೀಟರ್ ಸಾಗಿಸಬೇಕಾದರೆ ಆ ಬಾಡಿಗೆ ನಿಮ್ಮದೇ. ಜಲ್ಲಿ, ಎಂ ಸ್ಯಾಂಡ್ ಲಾರಿ ಏರಿ ಮೇಲೆ ಬರುತ್ತದೋ, ಇಲ್ಲ ದೂರದಲ್ಲಿ ಇಳಿಸಿ ಮತ್ತೆ ಸಾಗಿಸಬೇಕೋ, ಅದನ್ನೂ ನೋಡಿ.

ಈಗ ದರ. ಎಸ್.ಆರ್. (ಇಲಾಖೆಯ ದರಪಟ್ಟಿ) ದರ ಕೈಯಲ್ಲಿ ಹಿಡಿದು ಅದರಿಂದ ಕೆಳಗೆ ಇಳಿಯುತ್ತಾ ಹೋಗಬೇಡಿ. ಖಾಲಿ ಹಾಳೆ ತಗೊಳ್ಳಿ. ಸಿಮೆಂಟು, ಜಲ್ಲಿ, ಕೂಲಿ, ಮಷಿನ್ ಬಾಡಿಗೆ, ಡೀಸೆಲ್, ಸೈಟಿನ ಮೇಸ್ತ್ರಿ ಸಂಬಳ, ಬ್ಯಾಂಕ್ ಬಡ್ಡಿ ಎಲ್ಲ ನಿಮ್ಮ ಊರಿನ ಬೆಲೆಯಲ್ಲಿ ಬರೆಯಿರಿ. ನಿಮ್ಮ ಲಾಭ ಸೇರಿಸಿ. ಆಮೇಲೆ ಬಂದ ಮೊತ್ತ ಎಸ್.ಆರ್.ಗಿಂತ ಎಷ್ಟು ಕೆಳಗೋ ಮೇಲೋ ನೋಡಿ. 6 ಬಿಲೋ ಬಂದರೆ ನಿಮ್ಮ ದರ ಅದೇ. ತೀರಾ ಕೆಳಗೆ ಹೋದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಅಧಿಕಾರ ಇಲಾಖೆಗೆ ಇದೆ. ಅಲ್ಲಿಗೆ ಕೆಲಸ ಶುರುವಾಗುವ ಮೊದಲೇ ನಿಮ್ಮ ದುಡ್ಡು ಬ್ಯಾಂಕಿನಲ್ಲಿ ಕೂತುಬಿಡುತ್ತದೆ.

ಬಿಲ್ಲಿನಲ್ಲಿ ಹಿಡಿಯುವ ದುಡ್ಡನ್ನೂ ಎರಡು ಭಾಗ ಮಾಡಿ ಬರೆಯಿರಿ. ಜಿಎಸ್‌ಟಿ ಬಿಟ್ಟು 10 ಲಕ್ಷದ ಬಿಲ್ ಅಂದುಕೊಳ್ಳಿ. ನೀವು ವ್ಯಕ್ತಿಯ ಹೆಸರಿನಲ್ಲಿ ಕಾಂಟ್ರಾಕ್ಟರ್ ಆದ್ದರಿಂದ ಆದಾಯ ತೆರಿಗೆ ಟಿಡಿಎಸ್ ಶೇ. 1, ಅಂದರೆ 10,000. ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 20,000. ಇವೆರಡೂ ನಿಮ್ಮ ಲೆಕ್ಕಕ್ಕೇ ಜಮಾ ಆಗುತ್ತವೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಬಿಲ್ಲಿನಲ್ಲಿ ಹಿಡಿದ ಎಫ್‌ಎಸ್‌ಡಿ, ಅಂದರೆ ಭದ್ರತಾ ಠೇವಣಿಯೂ ಅವಧಿ ಮುಗಿದ ಮೇಲೆ ವಾಪಸ್ ಬರುತ್ತದೆ. ಆದರೆ ಕಟ್ಟಡ ಕಾರ್ಮಿಕರ ಸೆಸ್ ಶೇ. 1 ಮತ್ತು ಜಲ್ಲಿ-ಮರಳಿನ ರಾಜಧನ ಹೋದದ್ದು ಹೋದಂತೆಯೇ. ಇವನ್ನು ದರದಲ್ಲಿ ಸೇರಿಸಿಕೊಳ್ಳದೆ ಲಾಭ ಎಣಿಸಿದವರು ಕೊನೆಯ ಬಿಲ್ಲಿನಲ್ಲಿ ಅಳುವುದನ್ನು ನೋಡಿದ್ದೇನೆ. ರಾಜಧನ ಕಟ್ಟಿದ್ದಕ್ಕೆ ಪುರಾವೆಯಾಗಿ ಕ್ರಷರಿನಿಂದ ಪರ್ಮಿಟ್ ತಪ್ಪದೆ ಇಸ್ಕೊಂಡು ಫೈಲಿನಲ್ಲಿ ಇಡಿ.

ಪ್ರಶ್ನೆ (ಮೈಸೂರು, ಕುವೆಂಪುನಗರ): ನಮಸ್ಕಾರ ಸರ್. ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್, ನಾನು ಸಂಘದ ಕಾರ್ಯದರ್ಶಿ. ಹೊರಗಡೆ ಪೇಂಟಿಂಗ್, ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು. ಮೂರು ಕೊಟೇಶನ್ ಬಂದಿವೆ. ಆರೂವರೆ ಲಕ್ಷ, ಒಂಬತ್ತು ಲಕ್ಷ, ಹದಿಮೂರು ಲಕ್ಷ. ಸಭೆಯಲ್ಲಿ ಅರ್ಧ ಜನ ಕಡಿಮೆಯವರಿಗೆ ಕೊಡಿ ಅಂತಾರೆ, ಇನ್ನರ್ಧ ಜನ ಬೇಡ ಅಂತಾರೆ. ನಾವೂ ಟೆಂಡರ್ ಥರ ಮಾಡಬಹುದಾ?

ಉತ್ತರ: ಖಂಡಿತ ಮಾಡಬಹುದು ಮೇಡಂ. ಮಾಡಲೇಬೇಕು, ಯಾಕಂದ್ರೆ ಅದು 24 ಮನೆಯವರ ದುಡ್ಡು.

ಆ ಮೂರೂ ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡಿ. ಮೂವರು ಮೂರು ಬೇರೆ ಬೇರೆ ಕೆಲಸಕ್ಕೆ ದರ ಕೊಟ್ಟಿರುತ್ತಾರೆ. ಒಬ್ಬರು ಹಳೇ ಬಣ್ಣ ಕೆರೆದು, ಬಿರುಕು ತುಂಬಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಪೇಂಟ್ ಅಂತ ಲೆಕ್ಕ ಹಾಕಿರುತ್ತಾರೆ. ಇನ್ನೊಬ್ಬರು ನೀರು ಹೊಡೆದು ಎರಡು ಕೋಟ್ ಬಳಿಯುವುದು ಅಂತ. ಸಾರುವೆ ಕಟ್ಟುವ ಖರ್ಚು ಒಬ್ಬರದ್ದರಲ್ಲಿ ಸೇರಿದೆ, ಇನ್ನೊಬ್ಬರದ್ದರಲ್ಲಿ ಇಲ್ಲ. ಆರೂವರೆಗೂ ಹದಿಮೂರಕ್ಕೂ ಹೋಲಿಕೆಯೇ ಆಗುವುದಿಲ್ಲ.

ಆದ್ದರಿಂದ ಕೆಲಸದ ಪಟ್ಟಿ ನಿಮ್ಮ ಕಡೆಯಿಂದ ಹೋಗಬೇಕು. ಒಬ್ಬ ಎಂಜಿನಿಯರಿಗೆ ಸ್ವಲ್ಪ ಫೀಸು ಕೊಟ್ಟು ಗೋಡೆ, ತಾರಸಿ ಅಳತೆ ಮಾಡಿಸಿ. ಎಷ್ಟು ಚದರಡಿ, ಏನೇನು ಪದರ, ಯಾವ ಮಟ್ಟದ ವಸ್ತು, ಎಷ್ಟು ದಿನ, ಎಷ್ಟು ವರ್ಷ ಗ್ಯಾರಂಟಿ, ದುಡ್ಡು ಯಾವ ಹಂತದಲ್ಲಿ. ಇಷ್ಟೂ ಒಂದೇ ಕಾಗದದಲ್ಲಿ ಬರೆದು ದರದ ಜಾಗ ಮಾತ್ರ ಖಾಲಿ ಬಿಡಿ. ಐದು ಜನರನ್ನು ಒಂದೇ ದಿನ ಕರೆದು ತಾರಸಿ ತೋರಿಸಿ. ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ಐವರಿಗೂ ತಿಳಿಯಲಿ. ಮುಚ್ಚಿದ ಕವರ್ ತಗೊಂಡು, ಬಂದವರ ಎದುರಿನಲ್ಲೇ ತೆರೆಯಿರಿ. ಒಬ್ಬರ ದರ ಇನ್ನೊಬ್ಬರಿಗೆ ಹೇಳಿ ಚೌಕಾಸಿ ಮಾಡಬೇಡಿ. ಅದು ಗೊತ್ತಾದರೆ ಒಳ್ಳೆ ಕೆಲಸಗಾರರು ಮುಂದಿನ ಸಲ ಬರುವುದೇ ಇಲ್ಲ. ಶೇ. 10 ದುಡ್ಡು ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರ ಇರಲಿ, ಅದನ್ನೂ ಆ ಕಾಗದದಲ್ಲೇ ಬರೆದಿರಿ.

ಪ್ರಶ್ನೆ (ಪಾಂಡವಪುರ): ನಾನು ಕಾಂಟ್ರಾಕ್ಟರ್ ಅಲ್ಲ, ರೈತ. ನಮ್ಮೂರ ರಸ್ತೆ ಟೆಂಡರ್ ಎಷ್ಟಕ್ಕೆ ಆಯ್ತು ಅಂತ ಹೇಗೆ ನೋಡೋದು? ಕೆಲವು ಕೆಲಸಕ್ಕೆ ಟೆಂಡರೇ ಇಲ್ಲದೆ ಕೊಡ್ತಾರಂತೆ, ನಿಜವೇ?

ಉತ್ತರ: ಅಣ್ಣಾ, ಇದನ್ನು ಕೇಳಿದ್ದು ಒಳ್ಳೆಯದಾಯ್ತು. ಕೆಪಿಪಿಪಿ ಅನ್ನುವ ಸರ್ಕಾರದ ಪೋರ್ಟಲ್‌ನಲ್ಲಿ ಟೆಂಡರುಗಳನ್ನು ಯಾರು ಬೇಕಾದರೂ ಹುಡುಕಬಹುದು. ಅಗ್ರಿಮೆಂಟ್, ಅಳತೆ ಪುಸ್ತಕದ ನಕಲು ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ರಾಜ್ಯದಲ್ಲಿ ಇದಕ್ಕೆಲ್ಲ ಆಧಾರ 1999ರ ಪಾರದರ್ಶಕತೆ ಕಾಯ್ದೆ, ಕೆಟಿಪಿಪಿ ಅಂತೀವಲ್ಲ, ಅದು. ಅದರ 4ನೇ ಸೆಕ್ಷನ್‌ನಲ್ಲಿ ವಿನಾಯಿತಿಗಳಿವೆ. ಪ್ರಕೃತಿ ವಿಕೋಪದ ಸಮಯದ ಕೆಲಸ ಒಂದು. 4(ಜಿ) ಅಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವ ಕೆಲಸ ಇನ್ನೊಂದು. ಟೆಂಡರ್ ಇಲ್ಲದೆ ಕೊಟ್ಟಿದ್ದರೆ ಯಾವ ವಿನಾಯಿತಿಯಲ್ಲಿ ಅಂತ ಅರ್ಜಿಯಲ್ಲೇ ಕೇಳಿ.

ಮದ್ದೂರಿನವರು ಮತ್ತೆ: ಸರ್, ನೀವು ಹೇಳಿದ ಹಾಗೆ ನಿನ್ನೆ ನಡೆದುಕೊಂಡೇ ಹೋಗಿ ಬಂದೆ. 30 ಲಕ್ಷದ ಕೆಲಸ ನಿಜವಾಗಿಯೂ ಮುಂದಿನ ವರ್ಷದ್ದು, ಆ ಲೆಕ್ಕ ಸರಿಹೋಯ್ತು. ಆದರೆ ಎರಡನೇ ಮೋರಿ ಜಾಗದಲ್ಲಿ ಊರಿಗೆ ಹೋಗುವ ಕುಡಿಯುವ ನೀರಿನ ಪೈಪು ಅಡ್ಡ ಇದೆ. ಬಿ.ಒ.ಕ್ಯೂ.ನಲ್ಲಿ ಅದರ ಮಾತೇ ಇಲ್ಲ. ಕೆಲಸ ಸಿಕ್ಕಿದ ಮೇಲೆ ಕೇಳಲಾ? ಮತ್ತೆ ನನ್ನನ್ನು ತಪ್ಪಾಗಿ ತಿರಸ್ಕರಿಸಿದರೆ ಏನು ಮಾಡೋದು?

ಉತ್ತರ: ಈಗಲೇ ಕೇಳಿ. ಪೈಪಿನ ಮೇಲೆ ಟೇಪು ಇಟ್ಟು ಫೋಟೋ ತೆಗೆಯಿರಿ, ಯಾವ ಚೈನೇಜಿನಲ್ಲಿ (ರಸ್ತೆ ಶುರುವಿನಿಂದ ಎಷ್ಟು ದೂರದಲ್ಲಿ) ಅಂತ ಬರೆದು ಸ್ಪಷ್ಟೀಕರಣ ಕೇಳಿ. ಉತ್ತರ ಎಲ್ಲ ಟೆಂಡರುದಾರರಿಗೂ ಹೋಗುತ್ತದೆ. ತಿದ್ದುಪಡಿ ಹೊರಡಿಸಿ ಆ ಐಟಂ ಸೇರಿಸಿದರೆ ಎಲ್ಲರೂ ಅದಕ್ಕೆ ದರ ಹಾಕುತ್ತಾರೆ, ನಿಮಗೊಬ್ಬರಿಗೇ ಹೊರೆ ಆಗುವುದಿಲ್ಲ. ಸೇರಿಸದಿದ್ದರೂ ನಾಳೆ ಹೆಚ್ಚುವರಿ ಐಟಂ ಕೇಳುವಾಗ ನೀವು ಮೊದಲೇ ತಿಳಿಸಿದ್ದಕ್ಕೆ ದಾಖಲೆ ಇರುತ್ತದೆ.

ತಿರಸ್ಕಾರದ ವಿಷಯಕ್ಕೆ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ ಇದೆ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆದೇಶ ಬಂದ ದಿನವನ್ನು ಬರೆದಿಟ್ಟುಕೊಳ್ಳಿ.

ಮತ್ತೆ ನಿಮ್ಮ ಡಿಎಸ್‌ಸಿ (ಡಿಜಿಟಲ್ ಸಹಿ) ಯಾವತ್ತು ಮುಗಿಯುತ್ತೆ ನೋಡಿದ್ದೀರಾ? ಕೊನೆ ದಿನ ಸಂಜೆ ಡಾಂಗಲ್ ಹಾಕಿ ಕೂರಬೇಡಿ, ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿ. ಸ್ಪಷ್ಟೀಕರಣ ಕೇಳುವ ಕೊನೆ ದಿನ ಟೆಂಡರ್ ಕೊನೆ ದಿನಕ್ಕಿಂತ ಮೊದಲೇ ಇರುತ್ತದೆ. ಪೈಪಿನ ಪತ್ರ ಇವತ್ತೇ ಹೋಗಲಿ.