ಸ್ಟ್ರಾಂಗ್ ಏಲ್ (ಏಲ್ ಅಂದ್ರೆ ಒಂದು ಬಗೆ ಬಿಯರ್) ಬಾಟಲಿಗಳು: ವರ್ಷಗಟ್ಟಲೆ ಇಡೋದಾ, ಈಗ್ಲೇ ಕುಡಿಯೋದಾ? ಇಟ್ಟು ನೋಡಿದವರು ಹೇಳಿ

ಪ್ರಶ್ನೆ (ಮ್ಯಾಂಚೆಸ್ಟರ್):
ಎಲ್ರಿಗೂ ನಮಸ್ಕಾರ, ಒಂದು ಸಲಹೆ ಬೇಕಿತ್ತು. ನಮ್ಮ ಆಫೀಸಲ್ಲಿ ಹಿರಿಯರೊಬ್ರು ರಿಟೈರ್ ಆಗಿ ಊರು ಬಿಡ್ತಾ ಅವರ ಹತ್ರ ಇದ್ದ ಒಂದ್ ಬಾಕ್ಸ್ ಬಿಯರ್ ನಂಗೆ ಕೊಟ್ಟು ಹೋದ್ರು. ಫುಲ್ಲರ್ಸ್ ವಿಂಟೇಜ್ ಏಲ್ ಬೇರೆ ಬೇರೆ ವರ್ಷದ್ದು, ಲೀಸ್ ಹಾರ್ವೆಸ್ಟ್ ಏಲ್, ರೋಶ್‌ಫೋರ್ 10, ಕಾಫಿ ಹಾಕಿರೋ ಇಂಪೀರಿಯಲ್ ಸ್ಟೌಟ್ (ಕಡುಗಪ್ಪು ಸ್ಟ್ರಾಂಗ್ ಬಿಯರ್), ಮತ್ತೆ ಒಂದಷ್ಟು ಡಬಲ್ ಐಪಿಎ (ಕಹಿ, ಘಮ ಜೋರಿರೋ ಸ್ಟ್ರಾಂಗ್ ಏಲ್) ಕ್ಯಾನು. ಆಲ್ಕೋಹಾಲ್ ಎಲ್ಲಾದ್ರಲ್ಲೂ 8% ಅಥವಾ ಮೇಲೇನೇ. ಒಬ್ರು ಇಂಥವನ್ನ ಹತ್ತು ವರ್ಷ ಇಡು ಅಂತಾರೆ, ಇನ್ನೊಬ್ರು ಬಿಯರ್ ಅಂದ್ಮೇಲೆ ಫ್ರೆಶ್ ಆಗೇ ಕುಡೀಬೇಕು ಅಂತಾರೆ. ನಮ್ದು ಒಂದು ಬೆಡ್‌ರೂಮಿನ ಫ್ಲ್ಯಾಟು, ಸೆಲ್ಲರ್ (ನೆಲಮಾಳಿಗೆ) ಇಲ್ಲ, ಚಳಿಗಾಲದಲ್ಲಿ ಹೀಟಿಂಗ್ ಯಾವಾಗ್ಲೂ ಆನ್. ಏನ್ ಮಾಡ್ಲಿ?

ಉತ್ತರ (ಲಂಡನ್):
ಸರ್, ಡಬಲ್ ಐಪಿಎ ಕ್ಯಾನುಗಳನ್ನ ಮೊದ್ಲು ಫ್ರಿಜ್ಜಿಗೆ ಹಾಕಿ ಈ ವಾರಾನೇ ಮುಗ್ಸಿ, ಅದ್ರಲ್ಲಿ ಯೋಚ್ನೆ ಮಾಡೋಕೇನೂ ಇಲ್ಲ. ಆಲ್ಕೋಹಾಲ್ ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದು ಇಡೋ ಬಿಯರ್ ಆಗಲ್ಲ, ಆ ಬಿಯರಿಗೆ ರುಚಿ ಎಲ್ಲಿಂದ ಬರ್ತಿದೆ ಅಂತ ನೋಡ್ಬೇಕು. ಐಪಿಎ ಬಿಯರಲ್ಲಿ ಇರೋದೆಲ್ಲಾ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡೋ ಹೂವು) ಪರಿಮಳ, ಅದು ಕೊತ್ತಂಬರಿ ಸೊಪ್ಪಿನ ಘಮ ಇದ್ದಂಗೆ, ದಿನ ಕಳೆದ್ರೆ ಹೋಯ್ತು. ಕ್ಯಾಲಿಫೋರ್ನಿಯಾದ ಪ್ಲೈನಿ ದಿ ಎಲ್ಡರ್ ಗೊತ್ತಲ್ವಾ, 8% ಡಬಲ್ ಐಪಿಎ, ಅದ್ರ ಲೇಬಲ್ ಮೇಲೇನೇ ಇಡ್ಬೇಡಿ, ತಣ್ಣಗಿರುವಾಗ ಬೇಗ ಕುಡೀರಿ ಅಂತ ಮಾಡಿದವರೇ ಬರ್ದಿದ್ದಾರೆ.

ಇನ್ನು ವಿಂಟೇಜ್ ಏಲು. ಇದು ನನಗೆ ತುಂಬಾ ಇಷ್ಟದ ಬಿಯರು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಲಂಡನ್ನಿನ ಚಿಸಿಕ್‌ನಲ್ಲಿರೋ ಫುಲ್ಲರ್ಸ್ ಬ್ರುವರಿಯವ್ರು 1997ರಿಂದ ವರ್ಷಕ್ಕೊಂದು ಸಲ ಮಾಡ್ತಾ ಬಂದಿರೋದು, 8.5%, ಬಾಟಲಿ ಒಳಗೆ ಜೀವಂತ ಯೀಸ್ಟ್ ಇರತ್ತೆ. ಆ ಯೀಸ್ಟ್ ಬಾಟಲಿಲಿ ಉಳಿದ ಆಕ್ಸಿಜನ್ ಸ್ವಲ್ಪ ಹೀರ್ಕೊಳ್ಳತ್ತೆ, ಹಂಗಾಗಿ ಬೇಗ ಹಾಳಾಗಲ್ಲ. ನಾನು ಹೊಸದೊಂದು, ನಾಲ್ಕೈದು ವರ್ಷದ್ದೊಂದು ಪಕ್ಕಪಕ್ಕದಲ್ಲಿ ಸುರಿದು ಕುಡಿದಿದೀನಿ. ಹೊಸದ್ರಲ್ಲಿ ಕಿತ್ತಳೆ ಮಾರ್ಮಲೇಡ್ ವಾಸನೆ, ನುಂಗಿದ್ಮೇಲೆ ನಾಲಿಗೆ ಹಿಂದ್ಗಡೆ ಕಚ್ಚೋ ಕಹಿ, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ. ಹಳೇದ್ರಲ್ಲಿ ಆ ಕಹಿ ಒಳಗೆ ಇಳಿದು ಹೋಗಿತ್ತು, ಖರ್ಜೂರ, ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಕೊನೇಲಿ ಶೆರಿ ವೈನ್ ಥರ ಒಂದು ಒಗರು. ನೊರೆ ಮಾತ್ರ ಕಮ್ಮಿ. ಎರಡೂ ಚೆನ್ನಾಗಿತ್ತು, ಆದ್ರೆ ಎರಡೂ ಬೇರೆ ಬೇರೆ ಬಿಯರ್ ಅಂದ್ಕೊಂಡೇ ಕುಡೀಬೇಕು. ಒಂದು ಇನ್ನೊಂದಕ್ಕಿಂತ ಮೇಲು ಅಂತ ಹೇಳೋಕೆ ನನ್ ಕೈಲಾಗಲ್ಲ.

ಒಳಗೆ ನಡೆಯೋದು ಇಷ್ಟೇ. ಮುಚ್ಚಳದಿಂದ ನಿಧಾನಕ್ಕೆ ಒಂಚೂರು ಆಕ್ಸಿಜನ್ ಹೋಗ್ತಾನೇ ಇರತ್ತೆ, ಹಾಪ್ಸಿನ ಕಹಿ ಕೊಡೋ ಅಂಶ ಒಡೀತಾ ಬರತ್ತೆ. ತಿಳಿ ಬಣ್ಣದ ಹಗುರ ಬಿಯರಲ್ಲಿ ಆ ಆಕ್ಸಿಜನ್ನು ಒದ್ದೆ ರಟ್ಟಿನ ವಾಸನೆ ತರತ್ತೆ, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜಾಸ್ತಿ ಇರೋ ಕಪ್ಪು ಬಿಯರಲ್ಲಿ ಅದೇ ಆಕ್ಸಿಜನ್ನು ಖರ್ಜೂರ, ಶೆರಿ ಕಡೆ ಹೋಗತ್ತೆ. ಅದಕ್ಕೇ ಬಾರ್ಲಿವೈನ್ (ಹೆಸರಲ್ಲಿ ವೈನ್ ಇದ್ರೂ ಇದು ಸ್ಟ್ರಾಂಗ್ ಬಿಯರೇ), ಓಲ್ಡ್ ಏಲ್, ಇಂಪೀರಿಯಲ್ ಸ್ಟೌಟ್ ಇಡೋಕೆ ಬರತ್ತೆ. ಮಧ್ಯದಲ್ಲಿ ಸಿಕ್ಕಾಕೊಳ್ಳೋ ಬಿಯರುಗಳೂ ಇವೆ, ಅಮೆರಿಕದ ಸಿಯೆರಾ ನೆವಾಡಾ ಬ್ರುವರಿಯ ಬಿಗ್‌ಫುಟ್ ಬಾರ್ಲಿವೈನೇ ಆದ್ರೂ ಹಾಪ್ಸ್ ಜೋರು, ಕಹಿ ಬೇಕು ಅನ್ನೋರು ಹೊಸದನ್ನೇ ಕುಡೀಲಿ, ಕಹಿ ಆಗಲ್ಲ ಅನ್ನೋರು ಒಂದೆರಡು ವರ್ಷ ಬಿಡ್ಲಿ.

ಲೀಸ್ ಹಾರ್ವೆಸ್ಟ್ ಏಲ್ ನಿಮ್ಮೂರಿನದ್ದೇ ಸರ್, 1986ರಿಂದ ಮಾಡ್ತಿದ್ದಾರೆ, 11.5%. ಇಡೋಕೆ ಇದು ನಂಬಿಕಸ್ಥ ಬಿಯರು, ಹೊಸದಿರುವಾಗ ನಂಗೆ ಸಿಹಿ ಜಾಸ್ತಿ ಅನ್ಸತ್ತೆ. ಕಾಫಿ ಸ್ಟೌಟ್ ಮಾತ್ರ ಇಡ್ಬೇಡಿ, ಸ್ಟೌಟ್ ತಡ್ಕೊಳ್ಳತ್ತೆ ಕಾಫಿ ತಡ್ಕೊಳ್ಳಲ್ಲ, ಘಮ ಹೋಗಿ ಹಸಿ ಕ್ಯಾಪ್ಸಿಕಂ ಥರ ಒಂದು ವಾಸನೆ ಉಳಿಯತ್ತೆ. ನಮ್ ಚಿಕ್ಕಮಗಳೂರು ಕಡೆಯವ್ರಿಗಂತೂ ಅದು ಮೊದಲನೇ ಗುಟುಕಲ್ಲೇ ಗೊತ್ತಾಗತ್ತೆ.

ಹತ್ತು ವರ್ಷದ ಮಾತಿಗೆ ಬಂದ್ರೆ, ಆ ಆಸೆ ಹುಟ್ಸಿದ್ದೇ ಥಾಮಸ್ ಹಾರ್ಡಿಸ್ ಏಲ್ ಥರದ ಬಿಯರುಗಳು. ಡಾರ್ಚೆಸ್ಟರಿನ ಎಲ್ಡ್ರಿಜ್ ಪೋಪ್‌ನವ್ರು 1968ರಲ್ಲಿ ಶುರು ಮಾಡಿದ್ದು, 25 ವರ್ಷ ಇಡಬಹುದು ಅಂತ್ಲೇ ಹೇಳಿ ಮಾರ್ತಿದ್ರು. ಅದು ತಂಪು ಸೆಲ್ಲರಿನ ಲೆಕ್ಕ. ಸಾಮಾನ್ಯ ಮನೇಲಿ ಮೂರರಿಂದ ಐದು ವರ್ಷ ಆದ್ಮೇಲೆ ಬಹಳಷ್ಟು ಬಾಟಲಿ ಹಳೇದಾಗತ್ತೆ ಅಷ್ಟೇ, ಚೆನ್ನಾಗಾಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಉತ್ತರ (ಲುವೆನ್, ಬೆಲ್ಜಿಯಂ):
ನಾ ಹುಬ್ಬಳ್ಳಿಯಾಂವ, ಇಲ್ಲೆ ಓದಾಕ ಬಂದು ಕೆಲಸಕ್ಕ ನಿಂತೀನಿ. ಮ್ಯಾಲಿನವ್ರು ಹೇಳಿದ್ದು ಖರೆ ಐತ್ರಿ, ಆದ್ರ ಗಟ್ಟಿ ಬಿಯರ್ ಅಷ್ಟ ಇಡಾಕ ಬರ್ತಾವು ಅಂತನೂ ತಿಳ್ಕೋಬ್ಯಾಡ್ರಿ. ಓರ್ವಾಲ್ ಅನ್ನೂ ಇಲ್ಲಿನ ಬಿಯರ್ ನೋಡ್ರಿ, ಬರೇ 6.2%, ಆದ್ರ ಬಾಟ್ಲಿ ತುಂಬು ಮುಂದ ಬ್ರೆಟ್ಟಾನೊಮೈಸಿಸ್ ಅನ್ನೂ ಕಾಡು ಯೀಸ್ಟ್ ಹಾಕ್ತಾರ, ಅದು ಒಳಗ ಕುಂತು ಉಳಿದ ಸಕ್ಕರಿನ ತಿಂಗಳಗಟ್ಟಲೆ ತಿಂತೈತಿ. ಹೊಸಾದು ಕುಡಿದ್ರ ಹಾಪ್ಸ್ ವಾಸನಿ, ಆರೇಳು ತಿಂಗಳ ಬಿಟ್ಟು ಕುಡಿದ್ರ ಒಣಾ ಹುಲ್ಲು, ಚರ್ಮದ ವಾಸನಿ, ಸಿಹಿ ಅನ್ನೂದು ಇಲ್ಲವೇ ಇಲ್ಲ. ಬಾಟ್ಲಿ ತುಂಬಿದ ತಾರೀಖು ಲೇಬಲ್ ಮ್ಯಾಲ ಇರ್ತೈತಿ, ಹಂಗಾಗಿ ಲೆಕ್ಕ ಸಿಗ್ತೈತಿ.

ನಿಮ್ಮ ರೋಶ್‌ಫೋರ್ 10, 11.3% ಅದು, ಎರಡು ಮೂರು ವರ್ಷ ಬಿಡ್ರಿ, ಮಜಾ ಬರ್ತೈತಿ. ಹೊಸಾದ್ರಾಗ ಆಲ್ಕೋಹಾಲ್ ಮೂಗಿಗೆ ಹೊಡಿತೈತಿ, ಆಮ್ಯಾಲೆ ಅದು ತಣ್ಣಗಾಗಿ ಅಂಜೂರ, ಚಾಕಲೇಟ್ ಮುಂದ ಬರ್ತಾವು. ಶಿಮೇ ಬ್ಲೂ ಸಿಕ್ರ ಅದನೂ ಇಡಬಹುದು. ಆದ್ರ ಬಂಗಾರದ ಬಣ್ಣದ ಬಿಯರ್, ಅಂದ್ರ ಡುವೆಲ್, ವೆಸ್ಟ್‌ಮಾಲೆ ಟ್ರಿಪೆಲ್ ಅಂಥಾವು, ಗಟ್ಟಿ ಇದ್ರೂ ಹೊಸಾದ ಚಂದ. ಅವುಗಳ ಗ್ಯಾಸು, ಆ ಹುರುಪು ಹೋದ ಮ್ಯಾಲ ಏನ್ ಉಳಿತೈತ್ರಿ?

ಉತ್ತರ (ಬೆಂಗಳೂರು):
ಊರಿಗೆ ಬರುವಾಗ ಒಂದೆರಡು ತಂದು ಇಡೋಣ ಅನ್ನೋ ಯೋಚ್ನೆ ಇದ್ರೆ ಒಂದ್ ಮಾತು. ಡ್ಯೂಟಿ ಇಲ್ದೆ ಒಬ್ರಿಗೆ 2 ಲೀಟರ್ ಮಾತ್ರ, ಅದ್ರಲ್ಲಿ ಬಿಯರೂ ಸೇರತ್ತೆ. ತಂದ್ರೂ ಇಲ್ಲಿ ರೂಮ್ ಟೆಂಪರೇಚರಲ್ಲಿ ಇಡೋದು ವೇಸ್ಟ್. ಬ್ರುವರಿಯವ್ರು 3-30-300 ಅಂತ ಒಂದು ಅಂದಾಜು ಲೆಕ್ಕ ಹೇಳ್ತಾರೆ, ಫ್ರಿಜ್ಜಿನ 3 ಡಿಗ್ರಿಲಿ 300 ದಿನಕ್ಕೆ ಆಗೋ ಬದಲಾವಣೆ 22 ಡಿಗ್ರಿಲಿ 30 ದಿನಕ್ಕೆ, 32 ಡಿಗ್ರಿಲಿ 3 ದಿನಕ್ಕೇ ಆಗತ್ತೆ ಅಂತ. ನಮ್ಮ ಏಪ್ರಿಲ್ ತಿಂಗಳು ನೆನೆಸ್ಕೊಳ್ಳಿ. ನನ್ನ ಸ್ನೇಹಿತ ಒಬ್ಬ ಆಸೆಯಿಂದ ತಂದ ಸ್ಟೌಟನ್ನ ಅಡುಗೆಮನೆ ಮೇಲ್ಗಡೆ ಲಾಫ್ಟಲ್ಲಿ ಇಟ್ಟಿದ್ದ, ಎರಡು ಬೇಸಿಗೆ ಕಳೆದು ತೆಗೆದ್ರೆ ಸೋಯಾ ಸಾಸ್. ಬಿಸಿಗೆ ಯೀಸ್ಟ್ ಸತ್ತು ಒಡೆದ್ರೆ ಬರೋ ರುಚಿ ಅದು, ಮತ್ತೆ ಸರಿಹೋಗಲ್ಲ. ಹಂಗೇ ಇನ್ನೊಂದು, ಇಲ್ಲಿ ಅಂಗಡೀಲಿ ಸಿಗೋ 8% ಲಾಗರುಗಳನ್ನ (ಮಾಮೂಲಿ ತಿಳಿ ಬಣ್ಣದ ಬಿಯರು) ಸ್ಟ್ರಾಂಗ್ ಅಲ್ವಾ ಅಂತ ಯಾರೂ ಇಡೋಕೆ ಹೋಗ್ಬೇಡಿ, ಅವು ಇಡೋಕೆ ಅಂತ ಮಾಡಿದ್ದಲ್ಲ.

ಪ್ರಶ್ನೆ ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಾಗಾದ್ರೆ ನನ್ ಫ್ಲ್ಯಾಟಲ್ಲಿ ಹಾರ್ವೆಸ್ಟ್ ಏಲ್, ವಿಂಟೇಜ್ ಏಲ್ ಎಲ್ಲಿ ಇಡ್ಲಿ, ಫ್ರಿಜ್ಜಲ್ಲಾ? ವೈನ್ ಥರ ಮಲಗಿಸ್ಬೇಕಾ?

ಉತ್ತರ (ಲಂಡನ್):
ಮಲಗಿಸ್ಬೇಡಿ ಸರ್, ನಿಲ್ಸಿಡಿ. ನಿಲ್ಸಿದ್ರೆ ಯೀಸ್ಟ್ ತಳದಲ್ಲಿ ಗಟ್ಟಿಯಾಗಿ ಕೂರತ್ತೆ, ಸುರಿಯುವಾಗ ಕೆಳಗಿನ ಒಂದು ಬೆರಳಷ್ಟು ಬಿಟ್ರೆ ಗ್ಲಾಸು ತಿಳಿಯಾಗಿರತ್ತೆ. ಬೇಕಾಗಿರೋದು 10ರಿಂದ 13 ಡಿಗ್ರಿ ಮತ್ತೆ ಕತ್ತಲು. ಡಿಗ್ರಿಗಿಂತ ಮುಖ್ಯ ಅಂದ್ರೆ ಏರಿಳಿತ ಇರ್ಬಾರ್ದು, ರಾತ್ರಿ ತಣ್ಣಗೆ ಹಗಲು ಬೆಚ್ಚಗೆ ಆಗೋ ಜಾಗ ಬೇಡ. ಬಾಯ್ಲರ್ ಇರೋ ಕಪಾಟು, ಫ್ರಿಜ್ಜಿನ ತಲೆ ಮೇಲೆ, ರೇಡಿಯೇಟರ್ ಪಕ್ಕ, ಇವು ಮೂರೂ ಬೇಡ. ಹೊರಗಿನ ಗೋಡೆಗೆ ಅಂಟಿರೋ ಕಪಾಟು ಇದ್ರೆ ನೆಲದ ಮಟ್ಟದಲ್ಲಿ ಒಂದು ಥರ್ಮಾಮೀಟರ್ ಇಟ್ಟು ವಾರ ನೋಡಿ. 18 ದಾಟ್ತಿದ್ರೆ ವರ್ಷಗಟ್ಟಲೆ ಇಡೋ ಆಸೆ ಬಿಟ್ಬಿಡಿ, ಈ ಚಳಿಗಾಲದಲ್ಲೇ ಒಂದೊಂದಾಗಿ ಕುಡೀರಿ. ಫ್ರಿಜ್ಜಲ್ಲಿ ಇಟ್ರೆ ಹಾಳಾಗಲ್ಲ, ಆದ್ರೆ ಬದಲಾವಣೆನೂ ಹೆಚ್ಚುಕಮ್ಮಿ ನಿಂತೇ ಹೋಗತ್ತೆ, ಹಂಗಾದ್ರೆ ಇಟ್ಟು ಏನು ಪ್ರಯೋಜನ.

ಇನ್ನೊಂದು, ಬಿಯರ್ ಕೊಟ್ಟ ಹಿರಿಯರ ಮನೇಲಿ ಆ ಬಾಕ್ಸ್ ಎಲ್ಲಿತ್ತು ಅಂತ ಅವ್ರಿಗೆ ಫೋನ್ ಮಾಡಿ ಕೇಳಿ. ಗ್ಯಾರೇಜಲ್ಲಿ ಬಿಸಿಲು ತಿಂದಿದ್ರೆ ಇನ್ನೂ ಕಾಯೋದ್ರಲ್ಲಿ ಅರ್ಥ ಇಲ್ಲ. ಒಂದೇ ವರ್ಷದ್ದು ಎರಡಿದ್ರೆ ಒಂದನ್ನ ಈ ಭಾನುವಾರ ಓಪನ್ ಮಾಡಿ, ಫ್ರಿಜ್ಜಿಂದ ತೆಗೆದು ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಸುರೀರಿ, ಐಸ್ ಥರ ತಣ್ಣಗಿದ್ರೆ ಯಾವ ರುಚಿನೂ ಗೊತ್ತಾಗಲ್ಲ. ಕಹಿ ಚುರುಕಾಗಿದ್ದು ಸ್ವಲ್ಪ ಒರಟು ಅನ್ಸಿದ್ರೆ ಇನ್ನೊಂದನ್ನ ಇಡಿ. ಈಗ್ಲೇ ಸೊಗಸಾಗಿದ್ರೆ ಆ ಎರಡನೇದಕ್ಕೆ ಯಾರನ್ನಾದ್ರೂ ಊಟಕ್ಕೆ ಕರೀರಿ.